ಅಮೆರಿಕದ ಇಂಡಿಯಾನಾ ರಾಜ್ಯದ ಅಗ್ರ 50 ಹೈಸ್ಕೂಲ್ ಬ್ಯಾಸ್ಕೆಟ್‌ಬಾಲ್ ಆಟಗಾರರನ್ನು ಗುರುತಿಸುವುದು ಹೇಗೆ?

ಐವತ್ತು ಹೆಸರುಗಳ ಪಟ್ಟಿ ಸಿದ್ಧಪಡಿಸಲು ಅಂಕ, ರಿಬೌಂಡ್ (ಗುರಿ ತಪ್ಪಿ ಮರಳಿದ ಚೆಂಡನ್ನು ಹಿಡಿಯುವುದು), ಅಸಿಸ್ಟ್ (ಅಂಕಕ್ಕೆ ದಾರಿಮಾಡುವ ಪಾಸ್) ಇವುಗಳಲ್ಲಿ ಯಾವುದಕ್ಕೆ ಎಷ್ಟು ತೂಕ ಕೊಡಬೇಕು, ಯಾವ ಟೂರ್ನಿಗಳಿಗೆ ಹೋಗಬೇಕು ಎಂದು ನೀವು ಕೇಳಿದ್ದೀರಿ. ನಾನೂ ಇದೇ ಇಂಡಿಯಾನಾದಲ್ಲಿ, ಹೆಚ್ಚುಕಡಿಮೆ ಇದೇ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡು ಈ ಕೆಲಸಕ್ಕೆ ಇಳಿದವನು. ಹಗಲು ಬೇರೆ ಉದ್ಯೋಗವಿತ್ತು. ಸಂಜೆ ಮತ್ತು ವಾರಾಂತ್ಯಗಳಲ್ಲಿ, ಕಾಲೇಜು ತಂಡಗಳಿಗೆ ಸ್ಕೌಟಿಂಗ್ ವರದಿಗಳನ್ನು ಮಾರುವ ಚಿಕ್ಕ ಸಂಸ್ಥೆಯೊಂದಕ್ಕಾಗಿ ಹೈಸ್ಕೂಲ್ ಹುಡುಗರ ಆಟವನ್ನು ನೋಡಿ ಬರೆಯುತ್ತಿದ್ದೆ. ರಾಜ್ಯದ ಪಟ್ಟಿಯ ಹೊಣೆ ನನ್ನದೇ ಆಗಿತ್ತು. ಆ ಪಟ್ಟಿಯ ಮೊದಲ ಐದು ಹೆಸರುಗಳಲ್ಲಿ ಒಂದು ಅಲ್ಲಿ ಇರಬಾರದಿತ್ತು, ಹೊರಗೆ ಉಳಿದ ಇನ್ನೊಂದು ಹೆಸರು ಒಳಗಿರಬೇಕಿತ್ತು. ಎರಡಕ್ಕೂ ಕಾರಣ ಒಂದೇ: ಆ ಹುಡುಗರು ಯಾವ ತಿಂಗಳು, ಯಾವ ವರ್ಷ ಹುಟ್ಟಿದವರು ಎಂದು ನಾನು ಕೇಳಿರಲಿಲ್ಲ.

ಮೊದಲನೆಯವನು ಆಗಷ್ಟೇ ಹನ್ನೊಂದನೆಯ ತರಗತಿ ಮುಗಿಸಿದ್ದ ಫಾರ್ವರ್ಡ್, ಅಂದರೆ ಬುಟ್ಟಿಯ ಹತ್ತಿರ ಆಡುವವನು. 6 ಅಡಿ 6 ಅಂಗುಲ ಎತ್ತರ, ಅಗಲವಾದ ಭುಜ, ಮುಖದ ತುಂಬ ಗಡ್ಡ. ಜುಲೈ ತಿಂಗಳ ಕ್ಲಬ್ ಟೂರ್ನಿಯಲ್ಲಿ ಅವನು ಚೆಂಡು ಹಿಡಿದು ಬುಟ್ಟಿಯ ಕಡೆಗೆ ಎರಡು ಹೆಜ್ಜೆ ಹಾಕಿದರೆ ಎದುರಾಳಿಗಳು ಪಕ್ಕಕ್ಕೆ ಸರಿಯುತ್ತಿದ್ದರು. ರಿಬೌಂಡ್‌ಗೆ ಜಿಗಿಯುವ ಅಗತ್ಯವೇ ಅವನಿಗೆ ಬರುತ್ತಿರಲಿಲ್ಲ, ದೇಹವನ್ನು ಅಡ್ಡ ನಿಲ್ಲಿಸಿದರೆ ಸಾಕಿತ್ತು. ನಾನು ಅವನನ್ನು ಮೊದಲ ಐವರಲ್ಲಿ ಇಟ್ಟು, ‘ಈಗಲೇ ಕಾಲೇಜಿಗೆ ಸಿದ್ಧವಾಗಿರುವ ದೇಹ’ ಎಂದು ಬರೆದೆ. ಅದೇ ತಂಡದಲ್ಲಿ ಅದೇ ತರಗತಿಯ ಇನ್ನೊಬ್ಬ ಹುಡುಗನಿದ್ದ: 6 ಅಡಿ 1 ಅಂಗುಲದ, ಕಡ್ಡಿಯಂಥ ಎಡಗೈ ಆಟಗಾರ. ತಂಡದವರು ಅವನನ್ನು ಮೂಲೆಯಲ್ಲಿ ನಿಲ್ಲಿಸಿದ್ದರು. ಚೆಂಡು ಅಪರೂಪಕ್ಕೆ ಕೈಗೆ ಬಂದಾಗ, ರಕ್ಷಣೆಯವರು ತಿರುಗುವ ಮೊದಲೇ ಅದು ಸರಿಯಾದ ಜಾಗಕ್ಕೆ ಹೋಗಿರುತ್ತಿತ್ತು. ಇದನ್ನು ನಾನು ಗಮನಿಸಲಿಲ್ಲ ಎಂದೇನಲ್ಲ. ಗಮನಿಸಿ, ಟಿಪ್ಪಣಿಯಲ್ಲೂ ಬರೆದುಕೊಂಡಿದ್ದೆ. ಆದರೆ ಅದರ ಕೆಳಗೆ ‘ಮೈಯಲ್ಲಿ ಬಲವಿಲ್ಲ, ಸಂಪರ್ಕವನ್ನು ತಡೆದುಕೊಳ್ಳಲಾರ’ ಎಂಬ ಸಾಲನ್ನೂ ಸೇರಿಸಿ ಅವನನ್ನು ಪಟ್ಟಿಯಿಂದ ಹೊರಗಿಟ್ಟೆ.

ಆ ಇಬ್ಬರ ನಡುವೆ 19 ತಿಂಗಳ ಅಂತರವಿತ್ತು. ಫಾರ್ವರ್ಡ್‌ಗೆ ಹಿಂದಿನ ಡಿಸೆಂಬರ್‌ನಲ್ಲೇ 18 ತುಂಬಿತ್ತು. ಎಡಗೈ ಹುಡುಗನಿಗೆ ಆ ಟೂರ್ನಿ ನಡೆದ ತಿಂಗಳಲ್ಲಷ್ಟೇ 17 ತುಂಬಿತ್ತು. ಒಬ್ಬನ ಬೆಳವಣಿಗೆ ಬಹುಪಾಲು ಮುಗಿದಿತ್ತು, ಇನ್ನೊಬ್ಬನದು ಇನ್ನೂ ನಡೆಯುತ್ತಿತ್ತು. ನಾನು ಹೋಲಿಸಿದ್ದು ಇಬ್ಬರು ಆಟಗಾರರನ್ನಲ್ಲ, ಒಬ್ಬ ಯುವಕನನ್ನೂ ಒಬ್ಬ ಹುಡುಗನನ್ನೂ.

ಇದು ನನ್ನ ಕಣ್ಣಿಗೆ ಏಕೆ ಬೀಳಲಿಲ್ಲ ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ನೀವೂ ಅದೇ ಕಾಗದವನ್ನು ಕೈಯಲ್ಲಿ ಹಿಡಿದು ಕೂರುವವರಿದ್ದೀರಿ. ಪಂದ್ಯಕ್ಕೆ ಹೋದಾಗ ಸಿಗುವ ತಂಡದ ಹಾಳೆಯಲ್ಲಿ ಸಾಮಾನ್ಯವಾಗಿ ಅಂಗಿಯ ಸಂಖ್ಯೆ, ಹೆಸರು, ಎತ್ತರ, ಸ್ಥಾನ ಮತ್ತು ಹೈಸ್ಕೂಲ್ ಮುಗಿಸುವ ವರ್ಷ ಇರುತ್ತವೆ. ಹುಟ್ಟಿದ ದಿನ ಇರುವುದಿಲ್ಲ. ಎತ್ತರವೂ ಬಹಳ ಸಲ ಶೂ ಹಾಕಿಕೊಂಡು ಅಳೆದದ್ದು, ಕೆಲವು ಸಲ ಅಳೆಯದೆಯೇ ಬರೆದದ್ದು. ಹೈಸ್ಕೂಲ್ ಮುಗಿಸುವ ವರ್ಷವನ್ನೇ ನಾವು ವಯಸ್ಸೆಂದು ಓದಿಕೊಳ್ಳುತ್ತೇವೆ. ಆದರೆ ಈ ದೇಶದಲ್ಲಿ ಮಗುವನ್ನು ಒಂದು ವರ್ಷ ತಡವಾಗಿ ಶಾಲೆಗೆ ಸೇರಿಸುವುದು ಅಪರೂಪವಲ್ಲ; ಕ್ರೀಡೆಗೆಂದೇ ಒಂದು ತರಗತಿಯನ್ನು ಎರಡು ಸಲ ಓದಿಸುವ ಪೋಷಕರೂ ಇದ್ದಾರೆ. ಇಂಡಿಯಾನಾದ ಹೈಸ್ಕೂಲ್ ಕ್ರೀಡಾ ಸಂಘದ ನಿಯಮದ ಪ್ರಕಾರ, ರಾಜ್ಯಮಟ್ಟದ ಅಂತಿಮ ಪಂದ್ಯದ ದಿನದೊಳಗೆ 20 ವರ್ಷ ತುಂಬುವ ವಿದ್ಯಾರ್ಥಿ ಮಾತ್ರ ಅನರ್ಹ. ಅಂದರೆ 19ರ ಯುವಕನೊಬ್ಬ ಸಂಪೂರ್ಣ ಕಾನೂನುಬದ್ಧವಾಗಿಯೇ 17ರ ಹುಡುಗನ ಎದುರು ನಿಲ್ಲಬಹುದು. ಇದರಲ್ಲಿ ಮೋಸವಿಲ್ಲ, ಆ ಫಾರ್ವರ್ಡ್‌ನ ತಪ್ಪಂತೂ ಏನೂ ಇಲ್ಲ. ಬೇಸಿಗೆಯ ಕ್ಲಬ್ ಟೂರ್ನಿಗಳಲ್ಲಿ ‘17 ವರ್ಷದೊಳಗಿನವರು’ ಎಂಬ ಫಲಕವಿದ್ದರೂ ತರಗತಿಯ ಆಧಾರದ ವಿನಾಯಿತಿಗಳಿರುವುದರಿಂದ ಆ ಫಲಕವನ್ನು ನಂಬಿ ಕೂರುವಂತಿಲ್ಲ.

ಕೆನಡಾದ ಐಸ್ ಹಾಕಿಯಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದ ಹುಡುಗರೇ ಹೆಚ್ಚಾಗಿ ಆಯ್ಕೆಯಾಗುತ್ತಾರೆ ಎಂಬುದನ್ನು ಸಂಶೋಧಕರು 1980ರ ದಶಕದಲ್ಲೇ ತೋರಿಸಿದ್ದರು. ನಾನು ಅದನ್ನು ಓದಿದ್ದೆ. ಓದಿದ್ದು ಬೇರೆ, ಜಿಮ್ನೇಷಿಯಮ್ಮಿನ ಗದ್ದಲದಲ್ಲಿ ಕಣ್ಣೆದುರು ಒಬ್ಬ ಎಲ್ಲರನ್ನೂ ತಳ್ಳಿಕೊಂಡು ಅಂಕ ಗಳಿಸುತ್ತಿರುವಾಗ ಅದು ನೆನಪಿಗೆ ಬರುವುದು ಬೇರೆ. ಅಲ್ಲದೆ, ಅಲ್ಲಿನ ಅಂತರ ಹೆಚ್ಚೆಂದರೆ 12 ತಿಂಗಳು. ಇಲ್ಲಿ ಅದಕ್ಕೂ ಮಿತಿಯಿಲ್ಲ.

ಮುಂದಿನದು ಬೇಗ ನಡೆದುಹೋಯಿತು. ಕಾಲೇಜು ಕ್ರೀಡೆಯ ಅತ್ಯುನ್ನತ ಹಂತವಾದ ಡಿವಿಷನ್ ಒನ್‌ನ ಮಧ್ಯಮ ಸ್ತರದ ಕಾಲೇಜೊಂದರ ಅಸಿಸ್ಟೆಂಟ್ ಕೋಚ್ ನನ್ನ ಬರಹವನ್ನು ನಂಬುತ್ತಿದ್ದರು. ಅವರು ದೂರವಾಣಿಯಲ್ಲಿ ಕೇಳಿದಾಗ ಆ ಫಾರ್ವರ್ಡ್ ಬಗ್ಗೆ ನಾನು ಬರೆದದ್ದಕ್ಕಿಂತಲೂ ಹೆಚ್ಚು ಒತ್ತಿ ಹೇಳಿದೆ. ಅವರು ಸ್ಕಾಲರ್‌ಶಿಪ್ ಕೊಟ್ಟರು. ಆಗ ಪುರುಷರ ಡಿವಿಷನ್ ಒನ್ ತಂಡವೊಂದು ಕೊಡಬಹುದಾಗಿದ್ದ ಸ್ಕಾಲರ್‌ಶಿಪ್‌ಗಳು 13 ಮಾತ್ರ, ಹಾಗಾಗಿ ಒಂದು ಕೈತಪ್ಪಿದರೂ ಭಾರವೇ. ಕಾಲೇಜಿನಲ್ಲಿ ಎಲ್ಲರ ಭುಜಗಳೂ ಅಷ್ಟೇ ಅಗಲವಿದ್ದವು. ಹೈಸ್ಕೂಲಿನಲ್ಲಿ ದೇಹದಿಂದ ಗೆದ್ದು ಅಭ್ಯಾಸವಾಗಿದ್ದ ಅವನಿಗೆ ಪಾದ ಸರಿಸಿ ರಕ್ಷಣೆ ಮಾಡಲು ಯಾರೂ ಕಲಿಸಿರಲಿಲ್ಲ, ಹೊರಗಿನಿಂದ ಎಸೆಯಲು ಬರುತ್ತಿರಲಿಲ್ಲ. ಮೊದಲ ವರ್ಷ ಮುಗಿಯುತ್ತಿದ್ದಂತೆ ಅವನು ಕಾಲೇಜು ಬದಲಿಸಬಯಸುವ ಆಟಗಾರರ ನೋಂದಣಿಯಾದ ಟ್ರಾನ್ಸ್‌ಫರ್ ಪೋರ್ಟಲ್‌ಗೆ ಹೆಸರು ಕೊಟ್ಟು ಹೊರಟ. ಎಡಗೈ ಹುಡುಗ ಕೊನೆಯ ವರ್ಷದಲ್ಲಿ ನಾಲ್ಕು ಅಂಗುಲ ಬೆಳೆದು, ಅದೇ ಲೀಗ್‌ನ ಮತ್ತೊಂದು ಕಾಲೇಜಿಗೆ ಸೇರಿ, ಆ ಕೋಚ್ ಅವರ ತಂಡದ ವಿರುದ್ಧವೇ ಚೆನ್ನಾಗಿ ಆಡಿದ. ಕೋಚ್ ಸಿಟ್ಟಾಗಲಿಲ್ಲ. ‘ನೀವು ಬರೆದಾಗ ಆ ಫಾರ್ವರ್ಡ್‌ಗೆ ಎಷ್ಟು ವಯಸ್ಸಾಗಿತ್ತು ಎಂಬುದು ನಿಮಗೆ ಗೊತ್ತಿತ್ತೇ?’ ಎಂದಷ್ಟೇ ಕೇಳಿದರು. ಆಮೇಲೆ ಅವರ ಕರೆಗಳು ನಿಂತವು, ವರ್ಷದ ಕೊನೆಗೆ ಅವರ ಕಾಲೇಜಿನ ಚಂದಾ ನಿಂತಿತು. ಅವರನ್ನು ನೋಡಿ ನಮ್ಮ ಕಡೆ ಬಂದಿದ್ದ ಇನ್ನೂ ಕೆಲವರು ಹೋದರು, ನನ್ನ ಕೆಲಸವೂ ಹೋಯಿತು.

ಆದ್ದರಿಂದ ‘ಯಾವ ಅಂಕಿಅಂಶಕ್ಕೆ ಎಷ್ಟು ತೂಕ’ ಎಂಬ ನಿಮ್ಮ ಪ್ರಶ್ನೆಗೆ ಉತ್ತರಿಸುವ ಮೊದಲು, ಐವತ್ತರ ಪಟ್ಟಿ ಮಾಡಲೇಬೇಕು ಎಂಬುದನ್ನೇ ನಾನು ಒಪ್ಪುವುದಿಲ್ಲ ಎಂದು ಹೇಳಬೇಕಾಗಿದೆ. 17ನೆಯ ಸ್ಥಾನದ ಹುಡುಗನಿಗೂ 24ನೆಯ ಸ್ಥಾನದ ಹುಡುಗನಿಗೂ ವ್ಯತ್ಯಾಸವೇನು ಎಂದು ಯಾವ ಕೋಚ್ ಕೇಳಿದರೂ ನನ್ನಲ್ಲಿ ಉತ್ತರವಿರಲಿಲ್ಲ, ಬೇರೆಯವರಲ್ಲಿಯೂ ನಾನು ಅಂಥ ಉತ್ತರವನ್ನು ಕಂಡಿಲ್ಲ. ಕ್ರಮಾಂಕವೆಂಬುದು ಓದುಗರಿಗೆ, ಪೋಷಕರಿಗೆ ಮತ್ತು ಜಗಳವಾಡಲು ಇಷ್ಟಪಡುವವರಿಗೆ ಬೇಕಾದ ಸರಕು. 1939ರಿಂದ ಪ್ರತಿವರ್ಷ ‘ಮಿಸ್ಟರ್ ಬ್ಯಾಸ್ಕೆಟ್‌ಬಾಲ್’ ಎಂದು ಆಟಗಾರನನ್ನು ಆರಿಸಿಕೊಂಡು ಬಂದಿರುವ, 1990ರ ಹೈಸ್ಕೂಲ್ ಫೈನಲ್ ನೋಡಲು 41,046 ಜನ ಸೇರಿದ್ದ ಈ ರಾಜ್ಯದಲ್ಲಿ ಆ ಸರಕಿಗೆ ಯಾವಾಗಲೂ ಗಿರಾಕಿಗಳಿದ್ದಾರೆ. ಕಾಲೇಜುಗಳ ಅಗತ್ಯವೇ ಬೇರೆ. ನಾನು ಆ ಕೆಲಸದಲ್ಲಿದ್ದಾಗ, ಡಿವಿಷನ್ ಒನ್ ಕಾಲೇಜುಗಳು ಚಂದಾದಾರರಾಗಬಹುದಾದ ಸಂಸ್ಥೆಗಳು ಕ್ರಮಾಂಕ ಮತ್ತು ಎತ್ತರ-ತೂಕಗಳಾಚೆಗೆ ಪ್ರತಿಯೊಬ್ಬ ಆಟಗಾರನ ಪ್ರತ್ಯೇಕ ವಿಶ್ಲೇಷಣೆಯನ್ನು ಕೊಡಬೇಕೆಂದು ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆಯಾದ ಎನ್‌ಸಿಎಎ ನಿಯಮದಲ್ಲೇ ಷರತ್ತಿತ್ತು. ಆ ಷರತ್ತನ್ನು ಬರೆದವರಿಗೆ ಈ ವ್ಯಾಪಾರ ಚೆನ್ನಾಗಿ ಗೊತ್ತಿತ್ತು ಎಂದು ಈಗ ಅನ್ನಿಸುತ್ತದೆ.

ನೀವು ಮಾಡಬೇಕಾದದ್ದು ಒಬ್ಬೊಬ್ಬ ಹುಡುಗನಿಗೂ ಒಂದೊಂದು ಪುಟ. ಅದರಲ್ಲಿ ಹುಟ್ಟಿದ ತಿಂಗಳು ಮತ್ತು ವರ್ಷ ಮೊದಲ ಸಾಲಿನಲ್ಲಿರಲಿ, ಯಾವ ಸ್ತರದ ಕಾಲೇಜಿನಲ್ಲಿ, ಎಷ್ಟನೆಯ ವರ್ಷದಲ್ಲಿ ಅವನು ಆಡಬಲ್ಲ ಎಂಬ ನಿಮ್ಮ ತೀರ್ಮಾನ ಕೊನೆಯ ಸಾಲಿನಲ್ಲಿರಲಿ. ಈ ಕೊನೆಯ ಸಾಲು ಈಗ ಹಿಂದೆಂದಿಗಿಂತ ಮುಖ್ಯವಾಗಿದೆ. ಟ್ರಾನ್ಸ್‌ಫರ್ ಪೋರ್ಟಲ್ 2018ರಲ್ಲಿ ಆರಂಭವಾಯಿತು. 2021ರಿಂದ ಆಟಗಾರರು ಒಂದು ವರ್ಷ ಹೊರಗೆ ಕೂರದೆ ಕಾಲೇಜು ಬದಲಿಸಬಹುದಾಯಿತು. ಅಂದಿನಿಂದ ಕೋಚ್‌ಗಳು 22 ವರ್ಷದ ಅನುಭವಿಗಳನ್ನೇ ಬಯಸುತ್ತಿದ್ದಾರೆ, ಹೈಸ್ಕೂಲಿನಿಂದ ನೇರವಾಗಿ ಬರುವವರಿಗೆ ಜಾಗ ಕಡಿಮೆಯಾಗಿದೆ. ‘ಮೂರನೆಯ ವರ್ಷಕ್ಕೆ ಸಿದ್ಧನಾಗುತ್ತಾನೆ’ ಎಂಬ ಹುಡುಗನಿಗೆ ಸರಿಯಾದ ಜಾಗ ಡಿವಿಷನ್ ಟೂ ಆಗಿರಬಹುದು; ಓದಿನಲ್ಲಿ ಮುಂದಿದ್ದರೆ, ಕ್ರೀಡಾ ಸ್ಕಾಲರ್‌ಶಿಪ್ ಕೊಡದ ಡಿವಿಷನ್ ಥ್ರೀ ಕಾಲೇಜೂ ಆಗಿರಬಹುದು. ಅದನ್ನು ಹೇಳುವುದು ಅವಮಾನವಲ್ಲ.

ದೇಹ ಇನ್ನೂ ಬೆಳೆಯಲಿದೆಯೇ ಎಂಬುದನ್ನು ಖಚಿತವಾಗಿ ಹೇಳಲು ಸ್ಕೌಟ್‌ನಿಂದ ಸಾಧ್ಯವಿಲ್ಲ, ಆದರೆ ಸೂಚನೆಗಳನ್ನು ಬರೆದಿಡಬಹುದು: ಶೂ ಅಳತೆ, ಮಣಿಕಟ್ಟು, ಎತ್ತರಕ್ಕಿಂತ ಚಾಚಿದ ಕೈಗಳ ಅಳತೆ ಎಷ್ಟು ಹೆಚ್ಚು, ಗ್ಯಾಲರಿಯಲ್ಲಿ ಕುಳಿತ ತಂದೆ ತಾಯಿಯರ ಎತ್ತರ, ಕಳೆದ ವರ್ಷದ ಹಾಳೆಯಲ್ಲಿ ಅವನ ಎತ್ತರ ಎಷ್ಟಿತ್ತು. ಇದೇ ರಾಜ್ಯದ ಬ್ರೌನ್ಸ್‌ಬರ್ಗ್‌ನ ಗೋರ್ಡನ್ ಹೇವರ್ಡ್ ಹೈಸ್ಕೂಲ್ ಸೇರಿದಾಗ 6 ಅಡಿಯೂ ಇರಲಿಲ್ಲ, ಬ್ಯಾಸ್ಕೆಟ್‌ಬಾಲ್ ಬಿಟ್ಟು ಟೆನಿಸ್ ಆಡುವ ಯೋಚನೆಯಲ್ಲಿದ್ದರು. 2008ರಲ್ಲಿ ತಮ್ಮ ಶಾಲೆಗೆ ರಾಜ್ಯ ಪ್ರಶಸ್ತಿ ಗೆದ್ದುಕೊಟ್ಟು, ಬಟ್ಲರ್ ವಿಶ್ವವಿದ್ಯಾಲಯಕ್ಕೆ ಹೋಗಿ, 2010ರಲ್ಲಿ ಅದನ್ನು ರಾಷ್ಟ್ರೀಯ ಫೈನಲ್‌ಗೆ ಕೊಂಡೊಯ್ದರು. ಅದೇ ವರ್ಷ ವೃತ್ತಿಪರ ಲೀಗ್ ಎನ್‌ಬಿಎ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಒಂಬತ್ತನೆಯವರಾಗಿ ಆಯ್ಕೆಯಾದರು. ಗಿಡ್ಡ ಗಾರ್ಡ್ (ಹೊರವಲಯದಲ್ಲಿ ಚೆಂಡು ನಡೆಸುವ ಆಟಗಾರ) ಆಗಿದ್ದಾಗ ಕಲಿತ ಚೆಂಡಿನ ಹಿಡಿತ, ಎತ್ತರ ಬಂದ ಮೇಲೂ ಅವರ ಕೈಯಲ್ಲೇ ಉಳಿದಿತ್ತು. ತಡವಾಗಿ ಬೆಳೆಯುವ ಹುಡುಗರನ್ನು ನಾನು ಹೆಚ್ಚು ಇಷ್ಟಪಡುವುದು ಇದಕ್ಕೇ; ದೇಹದ ಬಲವಿಲ್ಲದ ಕಾಲದಲ್ಲಿ ಅವರು ಆಟವನ್ನು ಕಲಿತಿರುತ್ತಾರೆ. ಇದು ನನ್ನ ಪಕ್ಷಪಾತ ಎಂದು ಬೇಕಾದರೆ ಕರೆಯಿರಿ.

ಅಂಕಿಅಂಶಗಳ ವಿಷಯ. ಪಂದ್ಯವೊಂದಕ್ಕೆ ಇಷ್ಟು ಅಂಕ ಎಂಬ ಸರಾಸರಿಯನ್ನು ನಾನು ನೋಡುವುದನ್ನೇ ಬಿಟ್ಟಿದ್ದೇನೆ. ಹೈಸ್ಕೂಲ್ ಪಂದ್ಯ 32 ನಿಮಿಷದ್ದು. 35 ಸೆಕೆಂಡಿನ ಶಾಟ್ ಕ್ಲಾಕ್ (ಅಷ್ಟರೊಳಗೆ ಚೆಂಡನ್ನು ಬುಟ್ಟಿಗೆ ಎಸೆಯಬೇಕೆಂಬ ಗಡಿಯಾರ) ಅಳವಡಿಸಿಕೊಳ್ಳುವ ಆಯ್ಕೆ ರಾಜ್ಯಗಳಿಗೆ ಸಿಕ್ಕಿದ್ದೇ 2022-23ರ ಋತುವಿನಿಂದ. ಶಾಟ್ ಕ್ಲಾಕ್ ಇಲ್ಲದ ಪಂದ್ಯದಲ್ಲಿ ಒಂದು ತಂಡ ಚೆಂಡನ್ನು ಹಿಡಿದುಕೊಂಡೇ ಕಾಲ ಕಳೆಯಬಹುದು, ಆ ತಂಡದ ಒಳ್ಳೆಯ ಗಾರ್ಡ್‌ನ ಸರಾಸರಿ 11 ಅಂಕಕ್ಕೆ ನಿಂತಿರಬಹುದು. ಮೂರು ಅಂಕದ ಹೊಡೆತದ ಶೇಕಡಾವಾರು ಲೆಕ್ಕವೂ ಮೋಸ ಮಾಡುತ್ತದೆ, ಏಕೆಂದರೆ ಹೈಸ್ಕೂಲಿನ ಗೆರೆ 19 ಅಡಿ 9 ಅಂಗುಲದಲ್ಲಿದ್ದರೆ ಪುರುಷರ ಕಾಲೇಜು ಗೆರೆ 2019-20ರಿಂದ 22 ಅಡಿ 1¾ ಅಂಗುಲಕ್ಕೆ ಹೋಗಿದೆ. ಅದಕ್ಕಿಂತ ಫ್ರೀ ಥ್ರೋ ಲೆಕ್ಕವನ್ನು ನಂಬಿ: ಯಾರೂ ಅಡ್ಡ ಬರದ, ಎಲ್ಲರಿಗೂ ಒಂದೇ ದೂರದ ಎಸೆತ ಅದು. ನನ್ನ ಫಾರ್ವರ್ಡ್ ಅದರಲ್ಲಿ ಅರ್ಧಕ್ಕರ್ಧ ತಪ್ಪಿಸುತ್ತಿದ್ದ, ಆ ಸಾಲೂ ನನ್ನ ಟಿಪ್ಪಣಿಯಲ್ಲಿತ್ತು.

ಟೂರ್ನಿಗಳ ಬಗ್ಗೆ ನನಗೆ ಹೇಳಲು ಹೆಚ್ಚಿಲ್ಲ. ಜುಲೈ ತಿಂಗಳ ದೊಡ್ಡ ಟೂರ್ನಿಗಳಿಗೆ ಹೋಗಿ, ಆದರೆ ಮುಖ್ಯ ಅಂಕಣ ಬಿಟ್ಟು ಪಕ್ಕದ ಅಂಕಣಗಳಲ್ಲಿ ನಿಲ್ಲಿ. ದಕ್ಷಿಣ ಕೆರೊಲಿನಾದ ಕ್ಯಾಂಪ್ ಒಂದರಲ್ಲಿ, ಮುಂದೆ ಎನ್‌ಬಿಎ ತಾರೆಯಾದ ಜಾ ಮೊರಾಂಟ್ ಅವರು ಕಾಲೇಜು ಕೋಚ್ ಒಬ್ಬರ ಕಣ್ಣಿಗೆ ಬಿದ್ದದ್ದು ಹಿಂಬದಿಯ ಜಿಮ್ನೇಷಿಯಮ್ಮಿನಲ್ಲಿ, ಅದೂ ಆ ಕೋಚ್ ಬೇರೆಯವನನ್ನು ನೋಡಲು ಬಂದಿದ್ದಾಗ. ಜೂನ್‌ನಲ್ಲಿ ಶಾಲಾ ತಂಡಗಳು ಆಡುವ ಪಂದ್ಯಗಳನ್ನು 2019ರಿಂದ ಕಾಲೇಜು ಕೋಚ್‌ಗಳೂ ನೋಡಬಹುದಾಗಿದೆ, ಅಲ್ಲಿ ಹುಡುಗ ತನ್ನ ನಿಜವಾದ ಸ್ಥಾನದಲ್ಲಿ ಆಡುತ್ತಾನೆ. ಎಲ್ಲಕ್ಕಿಂತ ಹೆಚ್ಚಾಗಿ ಚಳಿಗಾಲದ ಕೊನೆಗೆ ನಡೆಯುವ, ರಾಜ್ಯ ಟೂರ್ನಿಯ ಮೊದಲ ಹಂತವಾದ ಸೆಕ್ಷನಲ್ ಪಂದ್ಯಗಳಿಗೆ ಹೋಗಿ. ಪ್ರತಿ ಹುಡುಗನನ್ನೂ ಕ್ಲಬ್ ತಂಡದಲ್ಲಿ ಒಮ್ಮೆಯಾದರೂ, ಶಾಲಾ ತಂಡದಲ್ಲಿ ಒಮ್ಮೆಯಾದರೂ ನೋಡದೆ ಒಂದಕ್ಷರವನ್ನೂ ಪ್ರಕಟಿಸಬೇಡಿ. ನನ್ನ ಎಡಗೈ ಹುಡುಗ ಶಾಲಾ ತಂಡದಲ್ಲಿ ಆಟವನ್ನು ನಡೆಸುವ ಪಾಯಿಂಟ್ ಗಾರ್ಡ್ ಆಗಿದ್ದ. ಮೂಲೆಯಲ್ಲಿ ನಿಂತಿದ್ದವನನ್ನು ಮಾತ್ರ ನಾನು ನೋಡಿದ್ದೆ.

ವಯಸ್ಸು ಕೇಳುವುದು ಕಷ್ಟವೇನಲ್ಲ. ಪಂದ್ಯ ಮುಗಿದ ಮೇಲೆ ಶಾಲೆಯ ಕೋಚ್‌ಗೆ ನಿಮ್ಮ ಪರಿಚಯ ಹೇಳಿ, ಏಕೆ ಬೇಕೆಂದು ವಿವರಿಸಿ, ಪೋಷಕರ ಒಪ್ಪಿಗೆಯಿಂದ ತಿಂಗಳು ಮತ್ತು ವರ್ಷವನ್ನಷ್ಟೇ ಕೇಳಿ ಪಡೆಯಿರಿ. ಅವರೆಲ್ಲ ಇನ್ನೂ ವಿದ್ಯಾರ್ಥಿಗಳು, ಹಲವರು ಅಪ್ರಾಪ್ತರು. ಹಾಗಾಗಿ ಅದನ್ನು ನಿಮ್ಮ ಟಿಪ್ಪಣಿಯಲ್ಲೇ ಇಟ್ಟುಕೊಳ್ಳಿ, ಎಲ್ಲಿಯೂ ಪ್ರಕಟಿಸಬೇಡಿ. ಯಾವ ಪೋಷಕರೂ ತಮ್ಮ ಮಗನ ಪುಟಕ್ಕಾಗಿ ಹಣ ಕೊಡಲು ಬಂದರೆ ತೆಗೆದುಕೊಳ್ಳಬೇಡಿ, ಬಂದೇ ಬರುತ್ತಾರೆ.