ಇಪ್ಪತ್ತೋ, ಎಪ್ಪತ್ತೋ? ಮಾತು ಮುಟ್ಟುವ ಬಗೆ

ಓದುಗರ ಪ್ರಶ್ನೆ–ಉತ್ತರ

ಮಾತು ಒಬ್ಬರಿಂದ ಇನ್ನೊಬ್ಬರಿಗೆ ಹೇಗೆ ಮುಟ್ಟುತ್ತದೆ, ಎಲ್ಲಿ ಜಾರುತ್ತದೆ ಎಂದು ಕೇಳಿ ಹುಬ್ಬಳ್ಳಿ–ಧಾರವಾಡ, ಗದಗ, ಹಾವೇರಿ ಕಡೆಯಿಂದ ಬಂದ ಆರು ಪತ್ರಗಳಿಗೆ ಈ ಸಲ ಉತ್ತರ.

ಪ್ರಶ್ನೆ: ಅಮರಗೋಳದ ಎಪಿಎಂಸಿ ಹತ್ತಿರ ನಮ್ಮದು ಕಾಳಿನ ವ್ಯಾಪಾರ. ಫೋನಿನಾಗ ‘ಕಡ್ಲಿ ಇಪ್ಪತ್ತು ಚೀಲ ಕಳಸ್ರಿ’ ಅಂದಿದ್ದೆ. ಎಪ್ಪತ್ತು ಚೀಲ ಬಂದ್ವು. ಅವರು ‘ಹೂಂ ಹೂಂ’ ಅಂತ ಪೂರಾ ಕೇಳಿಸ್ಕೊಂಡಿದ್ರು. ತಪ್ಪಿದ್ದೆಲ್ಲಿ?
— ವ್ಯಾಪಾರಿ, ಹುಬ್ಬಳ್ಳಿ

ಉತ್ತರ: ಎರಡು ಕಡೆ ತಪ್ಪಿದೆ. ಒಂದು ಶಬ್ದದಲ್ಲಿ, ಇನ್ನೊಂದು ಆ ‘ಹೂಂ’ನಲ್ಲಿ.

ಮೊದಲು ಶಬ್ದ. ಕನ್ನಡದ ಸಂಖ್ಯೆಗಳಲ್ಲಿ ಗುರುತೆಲ್ಲ ತಲೆಯಲ್ಲಿದೆ, ಬಾಲ ಒಂದೇ. ಇಪ್ಪತ್ತು–ಎಪ್ಪತ್ತು, ಎಂಬತ್ತು–ತೊಂಬತ್ತು, ಇನ್ನೂರು–ಮುನ್ನೂರು: ಮೂರೂ ಜೋಡಿಗಳಲ್ಲಿ ಮೊದಲ ತುಣುಕು ಹಾರಿಹೋದರೆ ಉಳಿಯುವುದು ಒಂದೇ ಸದ್ದು. ಇಪ್ಪತ್ತು, ಎಪ್ಪತ್ತುಗಳಲ್ಲಂತೂ ಬೇರೆಯಾಗುವುದು ಒಂದು ಹ್ರಸ್ವ ಸ್ವರ ಮಾತ್ರ. ‘ಇ’ ಮತ್ತು ‘ಎ’ ಎರಡನ್ನೂ ನಾಲಿಗೆಯ ಮುಂಭಾಗವನ್ನು ಎತ್ತಿಯೇ ನುಡಿಯುತ್ತೇವೆ, ಎತ್ತುವ ಮಟ್ಟವಷ್ಟೇ ಬೇರೆ. ಹಳೆಯ ಬಗೆಯ, ಎಂದರೆ ಎಚ್‌ಡಿ ಅಲ್ಲದ ಫೋನ್ ಕರೆ ಸುಮಾರು 300ರಿಂದ 3400 ಹರ್ಟ್ಜ್ (ಸೆಕೆಂಡಿಗೆ ಅಷ್ಟು ಕಂಪನ) ವರೆಗಿನ ಸದ್ದನ್ನು ಮಾತ್ರ ದಾಟಿಸುತ್ತದೆ. ‘ಇ’ಯನ್ನು ‘ಎ’ಯಿಂದ ಬೇರೆ ಮಾಡುವ ದಪ್ಪ ಸದ್ದಿನ ಗುರುತು ಸರಿಸುಮಾರು ಆ 300ರ ಅಂಚಿನಲ್ಲೇ ಬೀಳುತ್ತದೆ. ಮೇಲೆ ಹಮಾಲರ ಕೂಗು, ಲಾರಿಯ ಹಾರನ್ನು, ಕಡಿದು ಕಡಿದು ಬರುವ ನೆಟ್‌ವರ್ಕ್. ಕಿವಿಗೆ ಬಿದ್ದದ್ದು ‘...ಪ್ಪತ್ತು’ ಇರಬಹುದು. ಬಿಟ್ಟ ಜಾಗವನ್ನು ಮೆದುಳು ತಾನೇ ತುಂಬುತ್ತದೆ, ಕೇಳಿದವರಿಗೆ ತುಂಬಿದ್ದು ಗೊತ್ತಾಗುವುದೂ ಇಲ್ಲ. ಆದ್ದರಿಂದ ಅವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ಎಪ್ಪತ್ತು ಎಂದೇ ಕೇಳಿಸಿದೆ.

ಇನ್ನು ‘ಹೂಂ’. ನಮ್ಮ ಮಾತುಕತೆಯಲ್ಲಿ ಅದಕ್ಕೆ ‘ಕೇಳ್ತಾ ಇದ್ದೀನಿ, ಮುಂದ ಹೇಳ್ರಿ’ ಎನ್ನುವಷ್ಟೇ ಅರ್ಥ. ‘ತಿಳೀತು’ ಎಂದಾಗಲಿ ‘ಒಪ್ಪಿದೆ’ ಎಂದಾಗಲಿ ಅಲ್ಲ. ಬಹಳಷ್ಟು ಆರ್ಡರುಗಳು ಕೆಡುವುದು ಈ ‘ಹೂಂ’ ಅನ್ನು ರಸೀದಿಯಂತೆ ಹಿಡಿದುಕೊಂಡಾಗ.

ಹೀಗೆ ಮಾಡಿ. ಸಂಖ್ಯೆಯನ್ನು ಎರಡು ರೂಪದಲ್ಲಿ ಹೇಳಿ: ‘ಇಪ್ಪತ್ತು. ಮೊದಲು ಎರಡು, ಆಮೇಲೆ ಸೊನ್ನೆ.’ ಅದರ ಬೆನ್ನಿಗೆ ಒಟ್ಟು ತೂಕ ಸೇರಿಸಿ: ‘ಐವತ್ತು ಕೆಜಿ ಚೀಲ, ಒಟ್ಟು ಹತ್ತು ಕ್ವಿಂಟಲ್.’ ಎಪ್ಪತ್ತು ಎಂದು ಬರೆದುಕೊಂಡವರ ಲೆಕ್ಕ ಮೂವತ್ತೈದು ಕ್ವಿಂಟಲ್ ಆಗುತ್ತದೆ, ತಪ್ಪು ಅಲ್ಲೇ ಎದ್ದು ಕಾಣುತ್ತದೆ. ಕೊನೆಗೆ ಅವರ ಬಾಯಿಂದಲೇ ಆರ್ಡರ್ ತಿರುಗಿ ಹೇಳಿಸಿ. ‘ಸರಿ ಅಲ್ಲೇನ್ರಿ?’ ಎಂದು ನೀವೇ ಕೇಳಿದರೆ ‘ಹೂಂ’ ಎಂದೇ ಬರುತ್ತದೆ. ‘ಏನಂತ ಬರ್ಕೊಂಡ್ರಿ?’ ಎಂದು ಕೇಳಿ. ಹತ್ತು ಸೆಕೆಂಡಿನ ಕೆಲಸ. ಹೆಸರುಗಳಿಗೂ ಇದೇ ದಾರಿ. ಗದ್ದಲದಲ್ಲಿ ಪ, ತ, ಕ ಒಂದಕ್ಕೊಂದು ಬೆರೆಯುತ್ತವೆ, ಮ ಮತ್ತು ನ ಬೆರೆಯುತ್ತವೆ. ‘ಪ’ ಹೋಗಿ ‘ಮ’ ಆಗುವುದು ಅಪರೂಪ. ಇಂಗ್ಲಿಷ್ ವ್ಯಂಜನಗಳ ಮೇಲೆ ಮಿಲ್ಲರ್ ಮತ್ತು ನೈಸ್ಲಿ 1955ರಲ್ಲಿ ತೋರಿಸಿದ್ದು ಇದನ್ನೇ: ಬಾಯಲ್ಲಿ ಸದ್ದು ಎಲ್ಲಿ ಹುಟ್ಟಿತು ಎಂಬ ಗುರುತು ಗದ್ದಲದಲ್ಲಿ ಮೊದಲು ಅಳಿಯುತ್ತದೆ, ಮೂಗಿನ ಗುರುತು ಉಳಿಯುತ್ತದೆ. ಅದಕ್ಕೇ ‘ತಬಲಾದ ತ, ಕಮಲದ ಕ’ ಎಂದು ಬಿಡಿಸಿ ಹೇಳುವುದು.

ಪ್ರಶ್ನೆ: ಮಾತಿನಲ್ಲಿ ಪದಗಳ ಪಾಲು ಶೇ. 7, ಧ್ವನಿಯದು ಶೇ. 38, ದೇಹಭಾಷೆಯದು ಶೇ. 55 ಎಂದು ಸಂದರ್ಶನದ ತರಬೇತಿಯಲ್ಲಿ ಹೇಳಿದರು. ಹೌದೇ?
— ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿ, ಧಾರವಾಡ

ಉತ್ತರ: ಅಲ್ಲ. ಈ ಅಂಕಿಗಳು ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ಪ್ರಕಟಿಸಿದ ಎರಡು ಪ್ರಯೋಗಗಳನ್ನು ಜೋಡಿಸಿ ಬಂದವು. ಅಲ್ಲಿ ಕೇಳಿಸಿದ್ದು ಬಿಡಿ ಬಿಡಿ ಪದಗಳನ್ನು. ಹೇಳುವವರಿಗೆ ನಿಮ್ಮ ಮೇಲೆ ಪ್ರೀತಿಯೋ ತಾತ್ಸಾರವೋ ಎಂದು ಊಹಿಸುವುದಷ್ಟೇ ಕೇಳಿದವರ ಕೆಲಸ. ಪದ ಒಂದು ಭಾವ ಹೇಳಿ, ದನಿ, ಮುಖ ಬೇರೆ ಭಾವ ಹೇಳಿದಾಗ ಜನ ಯಾವುದನ್ನು ನಂಬುತ್ತಾರೆ ಎಂಬುದು ಅಲ್ಲಿನ ಪ್ರಶ್ನೆ. ಭಾವನೆಗಳ ಮಾತು ಬಿಟ್ಟು ಬೇರೆಡೆಗೆ ಈ ಸೂತ್ರ ಸಲ್ಲದು ಎಂದು ಸ್ವತಃ ಮೆಹ್ರಾಬಿಯನ್ ಅವರೇ ಹೇಳಿದ್ದಾರೆ. ಸಂದರ್ಶನದಲ್ಲಿ ಪಂಚಾಯತ್ ರಾಜ್ ಬಗ್ಗೆ ಕೇಳಿದರೆ ಉತ್ತರ ಇರುವುದು ಪದಗಳಲ್ಲೇ. ನೆಟ್ಟಗೆ ಕೂತ ಮಾತ್ರಕ್ಕೆ ಅದರ ಶೇ. 55 ಯಾರಿಗೂ ಮುಟ್ಟುವುದಿಲ್ಲ.

ದನಿಗೆ ಬೆಲೆ ಇಲ್ಲವೆಂದಲ್ಲ. ದನಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕ್ರೂಗರ್ ಮತ್ತು ಸಂಗಡಿಗರ 2005ರ ಇಮೇಲ್ ಪ್ರಯೋಗ ನೋಡಿ. ತಾವು ಬರೆದದ್ದು ವ್ಯಂಗ್ಯವೋ ನೇರವೋ ಎಂದು ಶೇ. 78ರಷ್ಟು ಸಲ ಓದುವವರಿಗೆ ಗೊತ್ತಾಗುತ್ತದೆ ಎಂದು ಬರೆದವರು ಅಂದಾಜಿಸಿದ್ದರು. ಸರಿಯಾಗಿ ಗುರುತಿಸಿದ್ದು ಸುಮಾರು ಶೇ. 56 ಸಲ. ನಾಣ್ಯ ಚಿಮ್ಮಿ ಹೇಳಿದರೂ 50 ಬರುತ್ತದೆ. ವಾಟ್ಸಾಪ್‌ನಲ್ಲಿ ‘ಚಲೋ ಮಾಡಿದಿ ಬಿಡು’ ಎಂದು ಬರೆಯುವಾಗ ನಿಮ್ಮ ಕಿವಿಯಲ್ಲಿ ನಿಮ್ಮ ದನಿ ಮೊಳಗುತ್ತಿರುತ್ತದೆ. ಓದುವವರ ಕಿವಿಯಲ್ಲಿ ಅದು ಇಲ್ಲ.

ಪ್ರಶ್ನೆ: ನಮ್ಮ ಮಾವನವರಿಗೆ 74 ವರ್ಷ. ಮಾತು ಕೇಳಿಸ್ತೈತಿ, ಆದ್ರ ತಿಳೀವಲ್ದು. ಜೋರಾಗಿ ಹೇಳಿದ್ರ ‘ಯಾಕ ಒದರತಿ?’ ಅಂತ ಸಿಟ್ಟಾಗ್ತಾರ. ಏನು ಮಾಡೂದು?
— ಗೃಹಿಣಿ, ಗದಗ–ಬೆಟಗೇರಿ

ಉತ್ತರ: ‘ಕೇಳಿಸುತ್ತದೆ, ತಿಳಿಯುವುದಿಲ್ಲ’ ಎಂಬ ನಿಮ್ಮ ಮಾತಿನಲ್ಲೇ ಕಾರಣ ಇದೆ. ಒಳಕಿವಿಯಲ್ಲಿ ಶಂಖದಂತೆ ಸುತ್ತಿಕೊಂಡ ಒಂದು ನಾಳವಿದೆ. ಅದರ ಬುಡದ ಕಡೆಯ ಸೂಕ್ಷ್ಮ ಕೋಶಗಳು ಕೀಚಲು ಸದ್ದನ್ನು, ತುದಿಯವು ದಪ್ಪ ಸದ್ದನ್ನು ಹಿಡಿಯುತ್ತವೆ. ವಯಸ್ಸಾದಂತೆ ಮೊದಲು ಸವೆಯುವುದು ಬುಡದವು. ಸ್ವರಗಳು ದಪ್ಪ, ಗಟ್ಟಿ ಸದ್ದು, ಅವು ಕೇಳಿಸುತ್ತವೆ. ಸ, ಶ, ತ, ಕದಂಥ ವ್ಯಂಜನಗಳು ತೆಳು, ಅವು ಹೋಗುತ್ತವೆ. ‘ಸಾಕು’, ‘ಹಾಕು’, ‘ತಾಕು’ ಮೂರೂ ಅವರಿಗೆ ‘ಆ–ಉ’ ಎಂದು ಬರಬಹುದು. ಒದರಿದಾಗ ಏರುವುದು ಹೆಚ್ಚಾಗಿ ಸ್ವರದ ಸದ್ದೇ, ಬೇಕಾದ ವ್ಯಂಜನ ಅದರಡಿ ಮುಚ್ಚಿಹೋಗುತ್ತದೆ. ಇಂಥ ಕಿವಿಗೆ ಮೆಲ್ಲನೆಯದು ಕೇಳಿಸುವುದಿಲ್ಲ, ತುಸು ಏರಿಸಿದರೆ ಕಿವಿಗೆ ಬಡಿದಂತಾಗುತ್ತದೆ. ಸಿಟ್ಟಿಗೆ ಕಾರಣ ಅದು, ನಿಮ್ಮ ಮೇಲಿನ ಅಸಮಾಧಾನವಲ್ಲ.

ದನಿ ಏರಿಸುವ ಬದಲು ಹತ್ತಿರ ಹೋಗಿ. ದೂರ ಅರ್ಧಕ್ಕಿಳಿದರೆ ಬಯಲಿನಲ್ಲಿ ಸದ್ದು 6 ಡೆಸಿಬಲ್ (ಸದ್ದಿನ ಜೋರಿನ ಅಳತೆ) ಹೆಚ್ಚುತ್ತದೆ. ಅಡುಗೆಮನೆಯಿಂದ ಪಡಸಾಲೆಗೆ ಕೂಗುವುದನ್ನು ಬಿಟ್ಟು ಒಂದು ಮೀಟರಿನೊಳಗೆ ಎದುರಿಗೆ ನಿಲ್ಲಿ. ಬೆಳಕು ನಿಮ್ಮ ಮುಖದ ಮೇಲಿರಲಿ, ಬೆನ್ನ ಹಿಂದಿನ ಕಿಟಕಿಯಿಂದ ಬರಬಾರದು. ಕಣ್ಣೂ ಮಾತು ಕೇಳುತ್ತದೆ: ‘ಗ’ ಎನ್ನುವ ತುಟಿಯ ದೃಶ್ಯಕ್ಕೆ ‘ಬ’ ಸದ್ದು ಕೂಡಿಸಿದಾಗ ಬಹಳ ಜನರಿಗೆ ‘ಡ’ದಂತೆ ಕೇಳಿಸಿತು ಎಂದು ಮ್ಯಾಕ್‌ಗರ್ಕ್ ಮತ್ತು ಮ್ಯಾಕ್‌ಡೊನಾಲ್ಡ್ 1976ರಲ್ಲಿ ತೋರಿಸಿದರು. ಟಿವಿ, ಮಿಕ್ಸರ್ ಬಂದ್ ಮಾಡಿ. ಮೊದಲು ‘ಮಾವಾರ’ ಎಂದು ಕರೆದು, ಅವರು ತಿರುಗಿದ ಮೇಲೆ ವಿಷಯ ಎತ್ತಿ. ಯಾವುದರ ಮಾತು ಎಂಬುದು ಮೊದಲೇ ಬರಲಿ: ‘ಗುಳಗಿ ವಿಷಯಾ. ರಾತ್ರಿದು ತಗೊಂಡ್ರ್ಯಾ?’ ವಿಷಯ ಗೊತ್ತಿದ್ದರೆ ಕಳೆದ ವ್ಯಂಜನಗಳನ್ನು ಅವರ ಮೆದುಳು ಸರಿಯಾಗಿ ತುಂಬಿಕೊಳ್ಳುತ್ತದೆ. ಒಮ್ಮೆ ತಿಳಿಯದಿದ್ದರೆ ಅದೇ ಪದವನ್ನು ಮೂರು ಸಲ ಹೇಳಬೇಡಿ, ಬೇರೆ ಪದ ಬಳಸಿ. ಒಂದೊಂದು ಅಕ್ಷರ ಎಳೆದರೆ ತುಟಿಯ ಚಲನೆ ಕೆಡುತ್ತದೆ, ನಾಲ್ಕೈದು ಪದಕ್ಕೊಮ್ಮೆ ನಿಲ್ಲಿಸುವುದು ಒಳ್ಳೆಯದು.

ಒಮ್ಮೆ ಕಿವಿ–ಮೂಗು–ಗಂಟಲು ವೈದ್ಯರಿಗೆ ತೋರಿಸಿ. ಕೆಲವೊಮ್ಮೆ ಕಿವಿಯೊಳಗಿನ ಗುಗ್ಗೆಯೇ ಅರ್ಧ ಕಾರಣವಾಗಿರುತ್ತದೆ. ಒಂದು ಕಿವಿ ಮಾತ್ರ ಇದ್ದಕ್ಕಿದ್ದಂತೆ ಮಂದವಾದರೆ ಕಾಯಬೇಡಿ, ಅದೇ ದಿನ ಹೋಗಬೇಕು.

ಪ್ರಶ್ನೆ: ಹಾವೇರಿ ದನದ ಸಂತಿಯಾಗ ಟವೆಲ್ಲಿನ ಕೆಳಗ ಬೆರಳು ಹಿಡಿದು ದರಾ ಮಾತಾಡ್ತಾರ. ಬಾಯಿ ಬಿಡದ ಲಕ್ಷ ರೂಪಾಯಿ ವ್ಯಾಪಾರ ಹೆಂಗ ತಪ್ಪಿಲ್ಲದ ಆಗ್ತೈತಿ?
— ರೈತ, ಹಾವೇರಿ ತಾಲ್ಲೂಕು

ಉತ್ತರ: ಸಂವಹನದ ಭಾಗಗಳನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಬೆಲ್ ಪ್ರಯೋಗಾಲಯದ ಕ್ಲಾಡ್ ಶಾನನ್ 1948ರಲ್ಲಿ ಸಂವಹನವನ್ನು ಬಿಡಿಸಿದ್ದು ಹೀಗೆ: ಸುದ್ದಿಯ ಮೂಲ, ಅದನ್ನು ಸಂಕೇತವಾಗಿಸುವುದು, ದಾಟಿಸುವ ದಾರಿ, ದಾರಿಯಲ್ಲಿ ಬೆರೆಯುವ ಗದ್ದಲ, ಸಂಕೇತವನ್ನು ಬಿಡಿಸುವುದು, ತಲುಪುವ ಜಾಗ. ನಿಮ್ಮ ಸಂತೆಯಲ್ಲಿ ದಲ್ಲಾಳಿಯ ಮನಸ್ಸಿನ ದರ ಮೂಲ, ಹಿಡಿದ ಬೆರಳು ಸಂಕೇತ, ದಾರಿ ಸ್ಪರ್ಶ. ಸಂತೆಯ ಗದ್ದಲವೆಲ್ಲ ಕಿವಿಯದು, ಸ್ಪರ್ಶಕ್ಕೆ ಅದು ತಟ್ಟುವುದೇ ಇಲ್ಲ. ಪಕ್ಕದ ಗಿರಾಕಿಗೂ ದರ ಸೋರುವುದಿಲ್ಲ.

ಆದರೆ ಶಾನನ್ ಅರ್ಥದ ಗೊಡವೆಗೆ ಹೋಗಲಿಲ್ಲ, ತಮ್ಮ ಲೆಕ್ಕಕ್ಕೆ ಅದು ಸಂಬಂಧಿಸಿದ್ದಲ್ಲ ಎಂದು ಬರೆದೇ ಮುಂದುವರಿದರು. ಸಂತೆಯಲ್ಲಿ ಉಳಿದರ್ಧ ಕೆಲಸ ಮಾಡುವುದು ಆ ಅರ್ಥವೇ. ಬೆರಳು ಹೇಳುವುದು ಅಂಕಿಯನ್ನಷ್ಟೇ. ಅದು ನೂರೋ, ಸಾವಿರವೋ, ಹತ್ತು ಸಾವಿರವೋ ಎಂಬುದನ್ನು ಎದುರಿಗೆ ನಿಂತ ಎತ್ತು ಹೇಳುತ್ತದೆ. ಇಬ್ಬರೂ ಅದರ ಹಲ್ಲು ನೋಡಿದ್ದಾರೆ, ನಡಿಗೆ ನೋಡಿದ್ದಾರೆ, ಆ ವಾರದ ದರ ಬಲ್ಲರು. ಈ ‘ಇಬ್ಬರಿಗೂ ಗೊತ್ತಿರುವುದು’ ದೊಡ್ಡದಿದ್ದಷ್ಟೂ ಸಂಕೇತ ಚಿಕ್ಕದಿದ್ದರೆ ಸಾಕು. ಜೊತೆಗೆ ಉತ್ತರ ಅಲ್ಲೇ, ಅದೇ ಕೈಯಲ್ಲಿ ತಿರುಗಿ ಬರುತ್ತದೆ. ಒಪ್ಪದಿದ್ದರೆ ಎದುರಿನವರು ಬೇರೆ ಬೆರಳು ಹಿಡಿಯುತ್ತಾರೆ. ಇದು ಕೆಡುವುದು ಹೊಸಬರು ಬಂದಾಗ. ಬೆರಳಿನ ಲೆಕ್ಕ ಸಂತೆಯಿಂದ ಸಂತೆಗೆ ಬೇರೆಯಾಗಬಹುದು, ಹಾಗಾಗಿ ಪರಊರಿನ ಸಂತೆಗೆ ಹೋದಾಗ ‘ಒಂದು ಬೆರಳಂದ್ರ ಎಷ್ಟು?’ ಎಂದು ಬಾಯಿಬಿಟ್ಟು ಕೇಳಿಯೇ ಕೈ ಕೊಡಿ.

ಪ್ರಶ್ನೆ: ನಾನು ಮೈಸೂರಿನಿಂದ ಮದುವೆಯಾಗಿ ಬಂದವಳು. ಮಾತು ಮುಗಿಸುವ ಮೊದಲೇ ಇಲ್ಲಿ ಎಲ್ಲರೂ ಮಾತಾಡತೊಡಗುತ್ತಾರೆ. ನನ್ನ ಮಾತಿಗೆ ಬೆಲೆ ಇಲ್ಲವೇ?
— ಓದುಗಿ, ಧಾರವಾಡ

ಉತ್ತರ: ಬೆಲೆ ಇದೆಯೋ ಇಲ್ಲವೋ ಎಂಬುದನ್ನು ಇದರಿಂದ ಅಳೆಯಲಾಗದು. ಹತ್ತು ಭಾಷೆಗಳನ್ನು ಹೋಲಿಸಿದ 2009ರ ಅಧ್ಯಯನದಲ್ಲಿ ಪ್ರಶ್ನೆಗೂ ಉತ್ತರಕ್ಕೂ ನಡುವಿನ ಬಿಡುವು ಸರಾಸರಿ ಸುಮಾರು 200 ಮಿಲಿಸೆಕೆಂಡ್ ಇತ್ತು, ಎಂದರೆ ಕಣ್ಣು ರೆಪ್ಪೆ ಬಡಿಯುವಷ್ಟು. ಒಂದು ಚಿತ್ರ ನೋಡಿ ಅದರ ಹೆಸರು ಹೇಳಲು ಮಾತ್ರ ಸುಮಾರು 600 ಮಿಲಿಸೆಕೆಂಡ್ ಬೇಕು. ಎಂದ ಮೇಲೆ ಎಲ್ಲರೂ ಎದುರಿನವರ ಮಾತು ಮುಗಿಯುವ ಮೊದಲೇ ಅದರ ತುದಿ ಊಹಿಸಿ ಉತ್ತರ ಕಟ್ಟಿಕೊಂಡೇ ಇರುತ್ತಾರೆ. ನಿಮಗೆ ರೂಢಿಯಾದ ಬಿಡುವಿಗಿಂತ ಆ ಮನೆಯ ಬಿಡುವು ತುಸು ಚಿಕ್ಕದಿದ್ದರೂ ನಿಮ್ಮ ಸರದಿ ಬರುವುದೇ ಇಲ್ಲ ಅನಿಸುತ್ತದೆ. ಅವರಿಗೆ ನೀವು ಬಿಟ್ಟ ಬಿಡುವು ‘ಮುಗೀತು’ ಎಂದು ಕೇಳಿಸುತ್ತದೆ.

ಅಡ್ಡಮಾತು ಎರಡು ಬಗೆಯದು. ‘ಹೌದ್ ಹೌದ್, ಅವತ್ತೂ ಹಂಗ ಆಗಿತ್ತು’ ಎಂದು ನಿಮ್ಮ ವಿಷಯವನ್ನೇ ಮುಂದೊಯ್ದರೆ ಅದು ಜೊತೆಗೂಡುವಿಕೆ. ವಿಷಯವೇ ಬದಲಾಗಿ ನಿಮ್ಮ ಕಡೆ ತಿರುಗಿ ಬರದಿದ್ದರೆ ಅದು ಮಾತು ಕಸಿಯುವುದು. ಒಂದು ವಾರ ಇದನ್ನು ಗಮನಿಸಿ, ಆಮೇಲೆ ತೀರ್ಮಾನಿಸಿ.

ಒಂದು ಅಪಾಯವಂತೂ ನಿಜ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ, ಬೇಡ–ಇಲ್ಲ ಎಂಬುದು ಅದಕ್ಕೂ ಕೊನೆಗೆ. ‘ಸಂಜೀಕೆ ಅಂಗಡಿಗೆ ಹೋಗಿ ರೊಕ್ಕಾ ಕೊಟ್ಟು ಬರೂದು’ ಎಂಬಲ್ಲಿಗೆ ಯಾರಾದರೂ ‘ಆತು’ ಎಂದು ಎದ್ದುಬಿಟ್ಟರೆ, ‘ಬ್ಯಾಡ’ ಎಂಬುದು ಗಾಳಿಗೆ ಹೋಯಿತು. ಇಂಥ ಮಾತಿಗೆ ಬೇಡವನ್ನು ಮುಂದೆ ತನ್ನಿ: ‘ಇವತ್ತು ರೊಕ್ಕಾ ಬ್ಯಾಡ್ರಿ. ಅಂಗಡಿಗೆ ನಾಳೆ ಹೋಗೂಣು.’ ಕೊನೆಯ ‘ರೀ’ಗೂ ಕಿವಿ ಕೊಡಿ. ಗೌರವ ತೋರುವುದರ ಜೊತೆಗೆ, ಮಾತು ಇಲ್ಲಿಗೆ ನಿಂತಿತು ಎಂಬ ಸುಳಿವನ್ನೂ ಅದು ಹಲವು ಸಲ ಕೊಡುತ್ತದೆ.

ಪ್ರಶ್ನೆ: ನಮ್ಮ ಸ್ತ್ರೀಶಕ್ತಿ ಸಂಘದ ಸುದ್ದಿ ಒಬ್ಬರಿಂದ ಒಬ್ಬರಿಗೆ ಹೋಗೂದ್ರಾಗ ಬದಲಾಗ್ತೈತಿ. ‘ತಿಳೀಲಿಲ್ಲ’ ಅಂತ ತಿರುಗಿ ಕೇಳಾಕ ಎಲ್ಲಾರೂ ನಾಚತಾರ.
— ಸಂಘದ ಸದಸ್ಯೆ, ರಾಣೆಬೆನ್ನೂರು

ಉತ್ತರ: ತಿರುಗಿ ಕೇಳುವುದು ಮಾತುಕತೆಯ ಸಹಜ ಭಾಗ. 2015ರಲ್ಲಿ ಹನ್ನೆರಡು ಭಾಷೆಗಳ ಮಾತುಕತೆ ನೋಡಿದಾಗ ಸರಾಸರಿ 1.4 ನಿಮಿಷಕ್ಕೊಮ್ಮೆ ಯಾರಾದರೂ ಹೀಗೆ ಕೇಳುತ್ತಿದ್ದರು. ಕೇಳುವುದರಲ್ಲಿ ಮೂರು ಹಂತವಿದೆ. ‘ಆಂ?’ ಎಂದರೆ ಹೇಳುವವರು ಎಲ್ಲವನ್ನೂ ಮತ್ತೆ ಹೇಳಬೇಕು. ‘ಯಾವತ್ತು?’ ಎಂದರೆ ತಪ್ಪಿದ ಜಾಗ ಗೊತ್ತಾಗುತ್ತದೆ. ‘ಮಂಗಳವಾರನ?’ ಎಂದರೆ ಹೌದು–ಅಲ್ಲ ಎಂದರೆ ಸಾಕು. ಸದಸ್ಯರಿಗೆ ಮೂರನೆಯದನ್ನು ರೂಢಿ ಮಾಡಿಸಿ.

ಬಾಯಿಂದ ಬಾಯಿಗೆ ಹೋಗುವ ಸರಪಳಿಯ ಲೆಕ್ಕ ಹೀಗೆ: ಪ್ರತಿಯೊಬ್ಬರೂ ಹತ್ತರಲ್ಲಿ ಒಂಬತ್ತು ಪಾಲು ಉಳಿಸಿಕೊಂಡರೂ ಐದನೆಯವರ ಬಾಯಿಂದ ಹೊರಡುವುದು ಶೇ. 59. ಕೇಂಬ್ರಿಜ್‌ನ ಬಾರ್ಟ್ಲೆಟ್ 1932ರಲ್ಲೇ ತೋರಿಸಿದಂತೆ, ಜನ ಬಿಡುವುದರ ಜೊತೆಗೆ ತಮಗೆ ಪರಿಚಿತವಾದದ್ದಕ್ಕೆ ಹೊಂದಿಸಿಕೊಳ್ಳುತ್ತಾರೆ ಕೂಡ. ಹೋದ ತಿಂಗಳು ಸಭೆ ದೇವಸ್ಥಾನದಲ್ಲಿ ನಡೆದಿದ್ದರೆ ಈ ತಿಂಗಳ ಶಾಲೆಯೂ ದೇವಸ್ಥಾನವಾಗುತ್ತದೆ. ಆದ್ದರಿಂದ ಸರಪಳಿ ಬಿಟ್ಟು ಒಬ್ಬರೇ ಐವರಿಗೂ ನೇರವಾಗಿ ಹೇಳಲಿ. ಒಂದು ಸುದ್ದಿಯಲ್ಲಿ ನಾಲ್ಕಕ್ಕಿಂತ ಹೆಚ್ಚು ಅಂಶ ಬೇಡ, ತಲೆ ಒಮ್ಮೆಗೆ ಹಿಡಿದಿಡುವುದು ಸುಮಾರು ಅಷ್ಟನ್ನೇ. ‘ತಿಳೀತೇನವಾ?’ ಎಂದು ಕೇಳುವ ಬದಲು ‘ಮನ್ಯಾಗ ಏನಂತ ಹೇಳ್ತಿ, ನನಗೊಮ್ಮೆ ಹೇಳು’ ಎನ್ನಿ.

ದಿನದ ಬಗ್ಗೆ ವಿಶೇಷ ಎಚ್ಚರ ಬೇಕು. ‘ನಾಳೆ’, ‘ನಾಡಿದ್ದು’ ಎಂಬ ಸುದ್ದಿ ದಾರಿಯಲ್ಲಿ ಒಂದು ದಿನ ತಂಗಿದರೆ ಸಭೆಯೇ ಒಂದು ದಿನ ಮುಂದೆ ಹೋಗುತ್ತದೆ. ಉರ್ದು, ಹಿಂದಿ ಆಡುವ ಸದಸ್ಯರಿಗೆ ಹೇಳುವಾಗ ‘ಕಲ್’ ಎಂಬುದು ನಿನ್ನೆಗೂ ನಾಳೆಗೂ ಸಲ್ಲುವ ಪದ ಎಂಬುದು ನೆನಪಿರಲಿ. ವಾರ, ತಾರೀಖು ಎರಡನ್ನೂ ಸೇರಿಸಿ ಹೇಳಿ. ಒಂದು ತಪ್ಪಾದರೆ ಎರಡೂ ಕ್ಯಾಲೆಂಡರಿನಲ್ಲಿ ಕೂಡಿಬರುವುದಿಲ್ಲ, ನೋಡಿದವರು ಫೋನ್ ಮಾಡಿ ಕೇಳುತ್ತಾರೆ.