ಜನವರಿ 26ರ ಭಾಷಣಕ್ಕೆ ಕ್ರೈಸ್ತರ ಕೊಡುಗೆಗಳ ಪಟ್ಟಿ ಬೇಕಾ? ಮೊದಲು ನನ್ನ ಕಥೆ ಕೇಳಿ

ಗಣರಾಜ್ಯೋತ್ಸವದ ಭಾಷಣಕ್ಕೆ ದೇಶಕ್ಕೆ ಕ್ರೈಸ್ತರು ಕೊಟ್ಟ ಕೊಡುಗೆಗಳ ಪಟ್ಟಿ ಕೊಡಿ ಅಂತ ಗುಳೇದಗುಡ್ಡದಿಂದ ನನಗೆ ಬರೆದಿದ್ದೀರಿ. ಪಟ್ಟಿ ಕೊಡುವುದಿಲ್ಲ. ನೀವು ಕೇಳಿದ್ದಕ್ಕಿಂತ ಉದ್ದದ ಪಟ್ಟಿ ಹಿಡಿದುಕೊಂಡೇ ನಾನು ಒಮ್ಮೆ ವೇದಿಕೆ ಹತ್ತಿದ್ದೆ. "ದೇಶಕ್ಕೆ ನೀವೇನು ಕೊಟ್ಟಿರಿ ಅನ್ನುವವರ ಬಾಯಿ ಮುಚ್ಚಿಸಬೇಕು" ಅಂತ ಬರೆದಿದ್ದೀರಲ್ಲ, ಆ ಸಾಲಿನಲ್ಲಿ 2011ರ ನಾನೇ ಕಂಡೆ.

ಆಗ ನಾನು ಬೈಲಹೊಂಗಲ ತಾಲ್ಲೂಕಿನ ಒಂದು ಹಳ್ಳಿಯ ಖಾಸಗಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮಾಸ್ತರ. ಮನೆ ಬೆಳಗಾವಿಯಲ್ಲಿ. ಕ್ರಿಸ್ಮಸ್ ರಜೆ ಮುಗಿಸಿ ಕೇಕ್ ತಗೊಂಡು ಹೋದಾಗ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತಾ ಒಬ್ಬ ಸಹೋದ್ಯೋಗಿ ಅಂದರು: "ನಿಮ್ಮವರು ಬ್ರಿಟಿಷರ ಜೋಡಿ ಬಂದವರಲ್ಲೇನ್ರಿ ಸರ?" ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ ಅಂತ ಈಗ ಅನಿಸುತ್ತದೆ. ಆಗ ಒಂದು ತಿಂಗಳು ಒಳಗೊಳಗೇ ಕುದ್ದೆ. ಗಣರಾಜ್ಯೋತ್ಸವದ ಭಾಷಣ ನಾನೇ ಮಾಡುತ್ತೇನೆ ಅಂತ ಕೇಳಿ ಪಡೆದುಕೊಂಡೆ. ಫುಲ್‌ಸ್ಕೇಪ್ ಹಾಳೆಯ ನಾಲ್ಕು ಮಗ್ಗುಲು ತುಂಬ ಬರೆದೆ.

ಮೇಜಿನ ಮೇಲೆ ಮೂರು ಫೋಟೋ ಇಟ್ಟಿದ್ದರು: ಗಾಂಧೀಜಿ, ಅಂಬೇಡ್ಕರ್, ಸಂಗೊಳ್ಳಿ ರಾಯಣ್ಣ. ರಾಯಣ್ಣನ ಫೋಟೋಕ್ಕೆ ಹಾಕಿದ್ದ ಚೆಂಡು ಹೂವಿನ ಮಾಲೆ ಉದ್ದವಾಗಿ, ಅದರ ತುದಿ ನನ್ನ ಹಾಳೆಗಳ ಮೇಲೆ ಬಿದ್ದಿತ್ತು. ಓದುವಾಗ ಎರಡು ಸಲ ಅದನ್ನು ಕೈಯಿಂದ ಸರಿಸಿದೆ. ಆ ಕೈ ಇವತ್ತಿಗೂ ಕಣ್ಣ ಮುಂದೆ ಬರುತ್ತದೆ.

ಮಿಷನರಿಗಳ ಪೈಕಿ ಕಿಟೆಲ್ ಬಗ್ಗೆ ಹೇಳಿದೆ: 1894ರ ಕನ್ನಡ–ಇಂಗ್ಲಿಷ್ ನಿಘಂಟು, ಸುಮಾರು 70,000 ಶಬ್ದ. ಮೋಗ್ಲಿಂಗ್ 1843ರಲ್ಲಿ ತಂದ 'ಮಂಗಳೂರ ಸಮಾಚಾರ' ಪತ್ರಿಕೆಯ ಬಗ್ಗೆ ಹೇಳಿದೆ. ಬಳ್ಳಾರಿಯ ರೀವ್ 1832ರಲ್ಲಿ ತಂದ ನಿಘಂಟನ್ನೂ ಬಿಡಲಿಲ್ಲ. ಮಕ್ಕಳು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯ ಹುಮ್ಮಸ್ಸಿನಲ್ಲಿ, ಹಾಳೆಯಲ್ಲಿ ಇಲ್ಲದ ಒಂದು ಮಾತು ಬಾಯಿಂದ ಬಂತು: "ಬ್ರಿಟಿಷರು ಬರದೇ ಇದ್ದಿದ್ದರೆ ನಮಗೆ ಅಕ್ಷರ ಎಲ್ಲಿ ಸಿಗುತ್ತಿತ್ತು?"

ಮುಂದಿನ ಸಾಲಿನಲ್ಲಿ ಕಂಬಳಿ ಹೊದ್ದು ಕೂತಿದ್ದ ಹಿರಿಯರೊಬ್ಬರು ಎದ್ದರು. ಸಿಟ್ಟಿಲ್ಲ, ದನಿ ಏರಿಸಲಿಲ್ಲ. "ಮಾಸ್ತರ, ಈ ಫೋಟೋದಾಗ ಅದಾನಲ್ಲ, ಇವನ್ನ ಗಲ್ಲಿಗೆ ಹಾಕಿದವ್ರು ಯಾರ್ರಿ? ಇವತ್ತಿನ ದಿನಾನೇ ಅಲ್ಲೇನು?" ಅಂದರು. 1831ರ ಜನವರಿ 26, ನಂದಗಡ. ಎಂಟನೇ ಇಯತ್ತೆಯ ಹುಡುಗರಿಗೆ ಬಾಯಿಪಾಠ ಮಾಡಿಸಿದವನು ನಾನೇ. ಉತ್ತರ ಕೊಡಲು ಬಾಯಿ ಬರಲಿಲ್ಲ. ಹೆಡ್‌ಮಾಸ್ತರರು ಮೈಕ್ ತಗೊಂಡು ರಾಷ್ಟ್ರಗೀತೆ ಹೇಳಿಸಿಬಿಟ್ಟರು.

ಆ ಒಂದು ವಾಕ್ಯವನ್ನು ಎಷ್ಟು ವರ್ಷ ಬಿಚ್ಚಿ ಬಿಚ್ಚಿ ನೋಡಿದ್ದೇನೋ. ತಪ್ಪಿದ್ದದ್ದು ಅದರ ಎರಡು ಶಬ್ದಗಳಲ್ಲಿ. ಮೊದಲನೆಯದು 'ಬ್ರಿಟಿಷರು'. ಕಿಟೆಲ್, ಮೋಗ್ಲಿಂಗ್ ಇಬ್ಬರೂ ಜರ್ಮನರು. ಅವರ ಬಾಸೆಲ್ ಮಿಷನ್ ಸ್ವಿಟ್ಜರ್ಲೆಂಡಿನದು. 1914ರಲ್ಲಿ ಶುರುವಾದ ಮೊದಲ ಮಹಾಯುದ್ಧದ ಕಾಲದಲ್ಲಿ ಇದೇ ಮಿಷನ್ನಿನ ಜರ್ಮನ್ ಪಾದ್ರಿಗಳನ್ನು ಶತ್ರು ದೇಶದವರು ಅಂತ ಬಂಧನದಲ್ಲಿಟ್ಟದ್ದು, ಅವರ ಹೆಂಚಿನ, ನೇಯ್ಗೆಯ ಕಾರ್ಖಾನೆಗಳನ್ನು ವಶಪಡಿಸಿಕೊಂಡದ್ದು ಬ್ರಿಟಿಷ್ ಸರಕಾರವೇ. ಅದಕ್ಕೂ ಹಿಂದೆ, 1813ರ ಚಾರ್ಟರ್ ಕಾಯ್ದೆ ಬರುವ ತನಕ ಮಿಷನರಿಗಳು ತನ್ನ ಸೀಮೆಯೊಳಗೆ ಕಾಲಿಡುವುದೇ ಈಸ್ಟ್ ಇಂಡಿಯಾ ಕಂಪನಿಗೆ ಬೇಕಿರಲಿಲ್ಲ. ಇಂಗ್ಲೆಂಡಿನ ಮಿಷನರಿ ವಿಲಿಯಂ ಕೇರಿಯೇ ಬಂಗಾಳದಲ್ಲಿ ಡೇನರ ಕೈಯಲ್ಲಿದ್ದ ಸೆರಾಂಪುರಕ್ಕೆ ಹೋಗಿ ನೆಲೆಸಬೇಕಾಯಿತು. ಬೆಳಗಾವಿಗೆ ಲಂಡನ್ ಮಿಷನ್ನಿನ ಜೋಸೆಫ್ ಟೇಲರ್ ಬಂದದ್ದು 1820ರಲ್ಲಿ, ಕಿತ್ತೂರಿನ ಯುದ್ಧದಲ್ಲಿ ಕಂಪನಿಯ ಕಲೆಕ್ಟರ್ ಥ್ಯಾಕರೆ ಬೀಳುವುದಕ್ಕೆ ನಾಲ್ಕೇ ವರ್ಷ ಮೊದಲು. ಕಂಪನಿಯ ದಂಡು ಇದ್ದಲ್ಲಿ ಆ ಮಿಷನ್ ನೆಲೆಯಾಯಿತು ಅನ್ನುವುದೂ ನಿಜ, ಅದನ್ನು ಮುಚ್ಚಿಡಬಾರದು. ಆದರೆ ಚರ್ಚನ್ನೂ ಕಂಪನಿಯನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದು ಸ್ಟಾಫ್ ರೂಮಿನ ಆ ಸಹೋದ್ಯೋಗಿ ಅಲ್ಲ. ಇಡೀ ಊರಿನ ಮುಂದೆ, ಮೈಕಿನಲ್ಲಿ, ನಾನೇ ಕಟ್ಟಿದೆ.

ಎರಡನೆಯದು 'ನಮಗೆ'. ಯಾರಿಗೆ? ವಚನ ಹುಟ್ಟಿದ ನಾಡಿನಲ್ಲಿ ಕನ್ನಡಿಗರಿಗೆ ಅಕ್ಷರ ಹೊರಗಿನಿಂದ ಬಂತು ಅಂದರೆ ಯಾರು ಒಪ್ಪುತ್ತಾರೆ? ಕಿಟೆಲ್ಲರೇ 13ನೇ ಶತಮಾನದ ಕೇಶಿರಾಜನ ವ್ಯಾಕರಣವನ್ನು ಸಂಪಾದಿಸಿದವರು. ಇಲ್ಲಿದ್ದದ್ದನ್ನು ಕಲಿತು, ಹೆಕ್ಕಿ, ಜೋಡಿಸಿದವರು. ನನ್ನ ಮನಸ್ಸಿನಲ್ಲಿದ್ದ ಮಾತು ಬೇರೆಯೇ ಇತ್ತು. ನಮ್ಮ ಮುತ್ತಜ್ಜನನ್ನು ಊರ ಶಾಲೆಯ ಕಟ್ಟೆಯ ಹೊರಗೆ ಕೂಡಿಸುತ್ತಿದ್ದರು. ಅವನ ಮಗನನ್ನು, ಅಂದರೆ ನಮ್ಮಜ್ಜನನ್ನು, ಮಿಷನ್ ಶಾಲೆಯವರು ಒಳಗೆ ಕೂಡಿಸಿದರು. ಹೇಳಬೇಕಿದ್ದದ್ದು ಇಷ್ಟೇ. ಇದಕ್ಕೆ ಆ ಕಂಬಳಿಯ ಅಜ್ಜ ಎದ್ದು ನಿಲ್ಲುತ್ತಿರಲಿಲ್ಲ, ಯಾಕಂದರೆ ಇದರಲ್ಲಿ ಸುಳ್ಳಿಲ್ಲ.

ನನ್ನ ನೌಕರಿ ಮಾರ್ಚಿಗೆ ಮುಗಿಯಿತು, ಮುಂದಿನ ವರ್ಷಕ್ಕೆ ಕರೆಯಲಿಲ್ಲ. ಅದು ದೊಡ್ಡದಲ್ಲ. ಆ ಊರಲ್ಲಿ ಮೂರು ಕ್ರೈಸ್ತ ಮನೆಗಳಿದ್ದವು. ಒಬ್ಬರು ಹಲಗೆ ಬಾರಿಸುವವರು. ಆಗಸ್ಟ್ 15ರ ರಾಯಣ್ಣನ ಜಯಂತಿಯ ಮೆರವಣಿಗೆಯಲ್ಲಿ ಅವರ ಹಲಗೆಯೇ ಮುಂದೆ ಇರುತ್ತಿತ್ತು. ಆ ವರ್ಷ ಅವರನ್ನು ಕರೆಯಲಿಲ್ಲ. ಯಾರೂ ಬೈಯಲಿಲ್ಲ, ಬರೇ ಕರೆಯಲಿಲ್ಲ. ನಾನು ಭೇಟಿಗೆ ಹೋದಾಗ ಅವರ ಹೆಂಡತಿ ಅಂದರು: "ಸರ, ನೀವು ಬ್ಯಾಗ್ ಹಿಡಕೊಂಡು ಬೆಳಗಾವಿಗೆ ಹೋದ್ರಿ. ನಾವು ಇಲ್ಲೇ ಬಾಳೇವು ಮಾಡಬೇಕು." ನೀವು ಬಾಯಿ ಮುಚ್ಚಿಸಲು ಹೊರಟಾಗ ಅದರ ಬೆಲೆ ತೆರುವವರು ನೀವೇ ಆಗಿರಬೇಕೆಂದಿಲ್ಲ.

ಅದಕ್ಕೇ ಹೇಳುತ್ತೇನೆ, ನಿಮ್ಮ ಪ್ರಶ್ನೆಯೇ ಸರಿ ಇಲ್ಲ. "ಏನು ಕೊಟ್ಟಿರಿ?" ಅಂತ ಕೇಳುವುದು ಮನೆಗೆ ಬಂದ ಬೀಗರನ್ನು, ಮನೆಯ ಮಗನನ್ನಲ್ಲ. ಪಟ್ಟಿ ಓದಲು ಶುರು ಮಾಡಿದ ಕೂಡಲೇ ನೀವಾಗಿಯೇ ಹೊರಗಿನವರಾಗಿ ನಿಲ್ಲುತ್ತೀರಿ. ಗುಳೇದಗುಡ್ಡದವರು ಅಂದಿರಿ, ಅಲ್ಲಿ ಬಾಸೆಲ್ ಮಿಷನ್ ನೆಲೆಯಾಗಿ 170 ವರ್ಷ ದಾಟಿತು, ನಿಮ್ಮವರು ಅದಕ್ಕೂ ಮೊದಲಿನಿಂದ ಅಲ್ಲೇ ಇದ್ದವರು. ಹಾಗಾದರೆ ನಿಮ್ಮ ಜಿಲ್ಲೆಯ ಹಲಗಲಿಯ ಬೇಡರ ಕಥೆ ನಿಮ್ಮದಲ್ಲವೇ? 1857ರಲ್ಲಿ ಆಯುಧ ಒಪ್ಪಿಸಿ ಅಂತ ಕಂಪನಿ ಸರಕಾರ ಹುಕುಂ ಮಾಡಿದಾಗ ಒಪ್ಪಿಸದೆ ಹೋರಾಡಿ, ಊರಿಗೆ ಬೆಂಕಿ ಬಿದ್ದರೂ ಬಗ್ಗದೆ, ಗಲ್ಲಿಗೇರಿದವರು. ಅವರ ಮೇಲಿನ ಲಾವಣಿಯ ನಾಲ್ಕು ನುಡಿ ಕಲಿತು ಹೇಳಿ, ನಿಮ್ಮ ಊರ ಸೀಮೆಯ ಕಥೆಯಾಗಿ ಹೇಳಿ.

ಸಂವಿಧಾನದ ಬಗ್ಗೆ ಮಾತಾಡಿ, ದಿನ ಅದರದ್ದು. ಸಂವಿಧಾನ ಸಭೆಯ ಉಪಾಧ್ಯಕ್ಷರಾಗಿದ್ದ ಎಚ್.ಸಿ. ಮುಖರ್ಜಿ ಬಂಗಾಳದ ಕ್ರೈಸ್ತರು, ಮಂಗಳೂರಿನ ಜೆರೋಮ್ ಡಿಸೋಜ ಪಾದ್ರಿಗಳೂ ಅಲ್ಲಿ ಕೂತಿದ್ದರು. ಅವರು ಲೆಕ್ಕ ಒಪ್ಪಿಸಲು ಹೋದವರಲ್ಲ, ದೇಶ ಕಟ್ಟಲು ಕೂತವರು. ದೂರಿದ್ದರೆ ದೂರನ್ನೂ ಹೇಳಿ. 1950ರ ರಾಷ್ಟ್ರಪತಿ ಆದೇಶದ ಮೂರನೇ ಕಂಡಿಕೆಯ ಪ್ರಕಾರ ಪರಿಶಿಷ್ಟ ಜಾತಿಯವರು ಕ್ರೈಸ್ತರಾದರೆ ಆ ಸ್ಥಾನಮಾನ ಹೋಗುತ್ತದೆ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು, ನಮ್ಮವರನ್ನಿಲ್ಲ. ಇದನ್ನು ನಾಗರಿಕರಾಗಿ ಕೇಳಿ, ಕಿಟೆಲ್ಲರ ನಿಘಂಟಿನ ಋಣ ತೀರಿಸಿ ಅಂತಲ್ಲ.

ಚರ್ಚಿನ ಅಂಗಳದಲ್ಲಿ ಧ್ವಜ ಏರಿಸಬಹುದಾ ಅಂತಲೂ ಕೇಳಿದಿರಿ. ಏರಿಸಿ, ಅದರಲ್ಲಿ ಯೋಚಿಸುವಂಥದ್ದೇನಿಲ್ಲ. ಆದರೆ ಅವತ್ತು ಬೈಬಲಿನ ಯೆರೆಮೀಯನ 29ನೇ ಅಧ್ಯಾಯ ಓದುತ್ತೇವೆ ಅಂದಿರಲ್ಲ, ಅದನ್ನು ಬಿಡಿ. ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಅಂತ ಪ್ರವಾದಿ ಬರೆದದ್ದು ಬಾಬೆಲ್ ಅನ್ನುವ ಪರದೇಶಕ್ಕೆ ಸೆರೆ ಹೋದವರಿಗೆ. ಗುಳೇದಗುಡ್ಡ ನಿಮಗೆ ಬಾಬೆಲ್ ಅಲ್ಲ. ಸೆರೆಯವರ ಪ್ರಾರ್ಥನೆ ನಿಮಗೆ ಯಾಕೆ?

ಎರಡು ವರ್ಷ ಬಿಟ್ಟು ನಾನು ಆ ಕಂಬಳಿಯ ಅಜ್ಜನ ಮನೆಗೆ ಹೋಗಿದ್ದೆ, ತಪ್ಪಾಯಿತು ಅನ್ನಲು. ಒಳಗೆ ಕರೆದು ಜಮಖಾನ ಹಾಸಿದರು. ನಮ್ಮಜ್ಜ ಶಾಲೆಯ ಒಳಗೆ ಕೂತ ಕಥೆ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು ಅವರು ಕೇಳಿದ್ದು ಒಂದೇ: "ಹೊರಗ ಕೂಡಸ್ತಿದ್ರಲ್ಲ, ಆ ಕಟ್ಟಿ ಯಾವ ಊರಾಗ ಐತ್ರಿ ಮಾಸ್ತರ?"