ಪವರ್ ಆಮೇಲೆ, ಮೊದಲು ಚೈನ್ ನೋಡಿ

ಈ ಸಲದ ಪತ್ರಗಳೆಲ್ಲ ಜರ್ಮನ್ ಸೆಡಾನ್‌ಗಳದ್ದೇ. ಮುಂಬೈ, ಪುಣೆ, ಗೋವಾದ ನಮ್ಮ ಓದುಗರು ಇಂಥ ಕಾರುಗಳನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಜಾಸ್ತಿ ಕೊಳ್ಳುತ್ತಿದ್ದಾರೆ. ಮೊದಲ ಪತ್ರಕ್ಕೆ ಉತ್ತರ ಉದ್ದವಾಗಿದೆ. ಅಂಥದೇ ಎಂಜಿನ್ ಇರುವವರು ಪೂರ್ತಿ ಓದಿ.

ಪ್ರಶ್ನೆ: ಸರ್, ನಾನಿರುವುದು ನೆರೂಲ್‌ನಲ್ಲಿ, ಊರು ಕುಂದಾಪುರದ ಹತ್ತಿರ. ಈಚೆಗೆ 2013ರ ಬಿಎಂಡಬ್ಲ್ಯು 328ಐ ಕೊಂಡೆ. 74 ಸಾವಿರ ಕಿ.ಮೀ. ಓಡಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ ಮುಂಭಾಗದಿಂದ ಕುಂಯ್ ಎನ್ನುವ ಶಬ್ದ ಬರುತ್ತದೆ. ಆಕ್ಸಿಲರೇಟರ್ ಒತ್ತಿದರೆ ಅದೂ ಏರುತ್ತದೆ. ಕೂಲೆಂಟ್ (ಎಂಜಿನ್ ತಣ್ಣಗಿಡುವ ದ್ರವ) ಕಮ್ಮಿ ಅಂತ ಎರಡು ಸಲ ಲೈಟ್ ಬಂತು, ಆದರೆ ಕೆಳಗೆ ಸೋರಿದ ಗುರುತಿಲ್ಲ. ನನ್ನ ಭಾವ, ಪವರ್ ಏರಿಸಲು ಎಂಜಿನ್ ಕಂಪ್ಯೂಟರ್‌ನ ಪ್ರೋಗ್ರಾಂ ಬದಲಿಸುವ ಸ್ಟೇಜ್ 1 ಟ್ಯೂನ್ ಮಾಡಿಸು ಅಂತ ಹೇಳುತ್ತಿದ್ದಾರೆ. ದೀಪಾವಳಿಗೆ ಊರಿಗೆ ಹೊರಡುವ ಮೊದಲು ಮಾಡಿಸಬಹುದಾ?

ಉತ್ತರ: ಬೇಡ. ಆ ಶಬ್ದ ಎಲ್ಲಿಂದ ಅಂತ ಗೊತ್ತಾಗುವವರೆಗೆ ಊರಿಗೂ ಆ ಕಾರಿನಲ್ಲಿ ಹೋಗಬೇಡಿ. ಟ್ಯೂನ್ ಮಾತು ಆಮೇಲೆ.

ನಿಮ್ಮ ಕಾರಿನಲ್ಲಿರುವುದು ಎನ್20 ಎಂಜಿನ್. ಎರಡು ಲೀಟರ್, ನಾಲ್ಕು ಸಿಲಿಂಡರ್, ಟರ್ಬೊ. ಕಂಪನಿಯಿಂದ ಬರುವಾಗಲೇ 245 ಹಾರ್ಸ್‌ಪವರ್ ಇದೆ. ಓಡಿಸಲು ತುಂಬಾ ಚೆನ್ನಾಗಿರುವ ಎಂಜಿನ್. ಆದರೆ ಇದರ ಒಂದು ದೌರ್ಬಲ್ಯ ಪ್ರಪಂಚಕ್ಕೆಲ್ಲ ಗೊತ್ತಿದೆ. ಪಿಸ್ಟನ್‌ಗೆ ಹೊಂದಿಕೊಂಡು ವಾಲ್ವ್‌ಗಳು ತೆರೆದು ಮುಚ್ಚುವಂತೆ ಮಾಡುವ ಟೈಮಿಂಗ್ ಚೈನ್ ಆಚೀಚೆ ಸರಿಯದಂತೆ ಹಿಡಿಯುವ ಗೈಡ್‌ಗಳು ಪ್ಲಾಸ್ಟಿಕ್‌ನವು. ವರ್ಷಗಳ ಶಾಖ, ಹಳೆಯ ಆಯಿಲ್ ಎರಡೂ ಸೇರಿ ಆ ಪ್ಲಾಸ್ಟಿಕ್ ಪೆಡಸಾಗಿ ಮುರಿಯುತ್ತದೆ. ತುಂಡುಗಳು ಕೆಳಗಿನ ಆಯಿಲ್ ಸಂಪ್‌ಗೆ ಬೀಳುತ್ತವೆ. ಅಲ್ಲಿ ಆಯಿಲ್ ಎಳೆದುಕೊಳ್ಳುವ ಜಾಲರಿಗೆ ಅವು ಸಿಕ್ಕಿಕೊಂಡರೆ ಆಯಿಲ್ ಪ್ರೆಷರ್ ಇಳಿಯುತ್ತದೆ. ಚೈನ್ ಹಲ್ಲು ಹಾರಿತು ಅಂದರೆ ವಾಲ್ವ್‌ಗೆ ಪಿಸ್ಟನ್ ಬಡಿಯುತ್ತದೆ, ಎಂಜಿನ್ ಅಲ್ಲಿಗೆ ಮುಗಿಯಿತು. 2015ರ ಆಸುಪಾಸಿನಿಂದ ಸುಧಾರಿಸಿದ ಭಾಗಗಳು ಬಂದವು. ನಿಮ್ಮದು ಅದಕ್ಕಿಂತ ಹಿಂದಿನ ಕಾರು.

ಆಯಿಲ್ ಪಂಪ್ ತಿರುಗಿಸಲು ಇನ್ನೊಂದು ಸಣ್ಣ ಚೈನ್ ಇದೆ. ಕುಂಯ್ ಶಬ್ದ ಎಷ್ಟೋ ಸಲ ಅದರದ್ದೇ. ಹೊರಗೆ ನಿಂತು ಕೇಳಿ ಯಾವುದು ಅಂತ ಖಚಿತವಾಗಿ ಹೇಳಲಾಗುವುದಿಲ್ಲ. ಹಾಗೆ ಹೇಳುವ ಮೆಕ್ಯಾನಿಕ್‌ನನ್ನು ನಂಬಬೇಡಿ. ಬಿಚ್ಚಿ ನೋಡಬೇಕು.

ಮೊದಲು ಆಯಿಲ್ ಫಿಲ್ಟರ್ ತೆಗೆಸಿ. ಅದರ ಕಾಗದದ ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿ ನೋಡಲಿ. ಕಂದು ಬಣ್ಣದ ಪ್ಲಾಸ್ಟಿಕ್ ಚೂರು ಕಂಡರೆ ಅನುಮಾನವೇ ಇಲ್ಲ. ಕಾಣದಿದ್ದರೂ ಆಯಿಲ್ ತುಂಬುವ ಮುಚ್ಚಳ ತೆಗೆದು, ಸಣ್ಣ ಕ್ಯಾಮೆರಾ ಇಳಿಸಿ ಮೇಲಿನ ಗೈಡ್ ನೋಡಿಸಿ. ಕೊನೆಯ ಮಾತು ಹೇಳುವುದು ಸಂಪ್. ಅದನ್ನು ಇಳಿಸುವುದು ದೊಡ್ಡ ಕೆಲಸ, ಕೂಲಿಯೂ ಜಾಸ್ತಿ. ಆದರೂ 2013ರ ಕಾರಿಗೆ, ಅದೂ ಶಬ್ದ ಬರುತ್ತಿರುವಾಗ, ನಾನಾದರೆ ಮಾಡಿಸಿಯೇ ಮಾಡಿಸುತ್ತೇನೆ. ಕೆಲಸಕ್ಕೆ ಇಳಿದ ಮೇಲೆ ಚೈನ್, ಗೈಡ್, ಚೈನ್ ಬಿಗಿಯಾಗಿಡುವ ಟೆನ್ಷನರ್, ಆಯಿಲ್ ಪಂಪ್ ಚೈನ್ ಎಲ್ಲವನ್ನೂ ಒಟ್ಟಿಗೆ ಬದಲಿಸಿ. ಅರ್ಧ ಬದಲಿಸಿದರೆ ಅದೇ ಕೂಲಿಯನ್ನು ಇನ್ನೊಮ್ಮೆ ಕೊಡಬೇಕಾಗುತ್ತದೆ.

ಈಗ ಕೂಲೆಂಟ್. ಕೆಳಗೆ ಹನಿ ಕಾಣದಿದ್ದರೆ ಸೋರುತ್ತಿಲ್ಲ ಅಂತ ಅರ್ಥವಲ್ಲ. ಬಿಸಿ ಭಾಗದ ಮೇಲೆ ಬಿದ್ದು ಅಲ್ಲೇ ಆವಿಯಾಗುತ್ತದೆ. ಬಾನೆಟ್ ತೆಗೆದಾಗ ಸಿಹಿ ವಾಸನೆ ಬರುತ್ತದಾ ನೋಡಿ. ಈ ಎಂಜಿನ್‌ನಲ್ಲಿ ಮೊದಲು ಅನುಮಾನಿಸಬೇಕಾದ ಜಾಗ ಆಯಿಲ್ ಫಿಲ್ಟರ್ ಹೌಸಿಂಗ್‌ನ ಗ್ಯಾಸ್ಕೆಟ್. ಆಮೇಲೆ ಪ್ಲಾಸ್ಟಿಕ್ ಪೈಪ್‌ಗಳ ಕೂಡುಜಾಗ, ಎಕ್ಸ್‌ಪ್ಯಾನ್ಷನ್ ಟ್ಯಾಂಕ್, ವಾಟರ್ ಪಂಪ್. ಎಂಜಿನ್ ತಣ್ಣಗಿರುವಾಗ ಕೈಪಂಪ್‌ನಿಂದ ಪ್ರೆಷರ್ ಟೆಸ್ಟ್ ಮಾಡಿದರೆ ಜಾಗ ಗೊತ್ತಾಗುತ್ತದೆ. ಟೆಸ್ಟ್ ಮಾಡದೆ ಸುಮ್ನೆ ಪಂಪ್ ಬದಲಿಸೋಣ ಅಂದವರಿಗೆ ದುಡ್ಡು ಕೊಡಬೇಡಿ.

ರಿಪೇರಿ ಆದ ಮೇಲೆ ಕೂಲೆಂಟ್ ಪೈಪ್‌ಗಳೊಳಗೆ ಸೇರಿದ ಗಾಳಿ ಸರಿಯಾಗಿ ತೆಗೆಯುವುದು ಮುಖ್ಯ. ಇದರ ವಾಟರ್ ಪಂಪ್ ಕರೆಂಟಿನಿಂದ ಓಡುತ್ತದೆ. ಎಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಆನ್ ಮಾಡಿ. ಹೀಟರ್ ಶಾಖ ಪೂರ್ತಿ ಏರಿಸಿ, ಫ್ಯಾನ್ ಕನಿಷ್ಠಕ್ಕೆ ಇಡಿ. ಆಕ್ಸಿಲರೇಟರ್ ಅನ್ನು 10 ಸೆಕೆಂಡ್ ಪೂರ್ತಿ ಒತ್ತಿ ಹಿಡಿದರೆ ಪಂಪ್ ತಾನೇ ಶುರುವಾಗಿ ಸುಮಾರು 12 ನಿಮಿಷ ಓಡುತ್ತದೆ. ಅಷ್ಟೂ ಹೊತ್ತು ಬ್ಯಾಟರಿಗೆ ಚಾರ್ಜರ್ ಹಾಕಿರಬೇಕು. ಕೂಲೆಂಟ್ ಕಂಪನಿ ಹೇಳಿದ್ದೇ ಆಗಿರಲಿ, ಡಿಸ್ಟಿಲ್ಡ್ ವಾಟರ್ ಜೊತೆ ಅರ್ಧಕ್ಕರ್ಧ. ನಲ್ಲಿ ನೀರು ಬೇಡ.

ಇದೆಲ್ಲ ಮುಗಿಸಿ ದುಡ್ಡು ಉಳಿದರೆ ನಾಲ್ಕು ಒಳ್ಳೆಯ ಟೈರ್ ಹಾಕಿಸಿ, ಸಸ್ಪೆನ್ಷನ್‌ನ ರಬ್ಬರ್ ಬುಶ್‌ಗಳನ್ನು ನೋಡಿಸಿ. ಇಷ್ಟು ವಯಸ್ಸಿನ ಕಾರಿನಲ್ಲಿ ಅವು ಬಿರುಕು ಬಿಟ್ಟಿರುತ್ತವೆ. ಟ್ಯೂನ್ ಮಾಡುವುದೆಂದರೆ ಟರ್ಬೊದ ಬೂಸ್ಟ್ ಏರಿಸುವುದು. ಅದರ ಭಾರವೆಲ್ಲ ಇದೇ ಹಳೆಯ ಭಾಗಗಳ ಮೇಲೆ ಬೀಳುತ್ತದೆ. ಬುಶ್ ಮತ್ತು ಟೈರ್ ಸರಿಯಾದ ಮೇಲೆ ನಿಮ್ಮ ಭಾವನವರಿಗೆ ಒಂದು ಸುತ್ತು ಓಡಿಸಲು ಕೊಡಿ. ಟ್ಯೂನ್ ಮಾತು ಅವರೂ ಬಿಡಬಹುದು.

ಪ್ರಶ್ನೆ: ಚೆಂಬೂರಿನಿಂದ ಬರೆಯುತ್ತಿದ್ದೇನೆ. ಜೋರು ಮಳೆಯಲ್ಲಿ ಕಿಂಗ್ಸ್ ಸರ್ಕಲ್ ಹತ್ತಿರ ನೀರಿಗೆ ಇಳಿದೆ. ನನ್ನ ಮರ್ಸಿಡಿಸ್ ಸಿ-ಕ್ಲಾಸ್ ಎಂಜಿನ್ ಆಫ್ ಆಯಿತು. ಎರಡು ಸಲ ಸ್ಟಾರ್ಟ್ ಬಟನ್ ಒತ್ತಿದೆ. ಟಕ್ ಅಂತ ಸದ್ದಾಗಿ ನಿಂತಿತು. ಹತ್ತಿರದ ಗ್ಯಾರೇಜಿನವರು ಒಣಗಿಸಿ ಸ್ಟಾರ್ಟ್ ಮಾಡೋಣ ಅನ್ನುತ್ತಿದ್ದಾರೆ.

ಉತ್ತರ: ಈಗಲೇ ಅವರಿಗೆ ಫೋನ್ ಮಾಡಿ, ಬಟನ್ ಮುಟ್ಟಬೇಡಿ ಅಂತ ಹೇಳಿ. ಬ್ಯಾಟರಿ ಕೇಬಲ್ ಬಿಚ್ಚಿಸಿ.

ಕಾರಣ ಹೇಳುತ್ತೇನೆ. 500 ಸಿಸಿಯ ಒಂದು ಸಿಲಿಂಡರ್ ತೆಗೆದುಕೊಳ್ಳಿ. ಕಂಪ್ರೆಷನ್ 10ಕ್ಕೆ 1 ಇದ್ದರೆ, ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ಸುಮಾರು 55 ಮಿ.ಲೀ. ಮಾತ್ರ. ಅದಕ್ಕಿಂತ ಜಾಸ್ತಿ ನೀರು ಒಳಗಿದ್ದರೆ ಪಿಸ್ಟನ್ ಮೇಲೆ ಬರಲಾರದು, ಯಾಕೆಂದರೆ ಗಾಳಿಯ ಹಾಗೆ ನೀರು ಕುಗ್ಗುವುದಿಲ್ಲ. ಬಲವಂತ ಮಾಡಿದರೆ ಪಿಸ್ಟನ್ ಅನ್ನು ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನಿಮಗೆ ಕೇಳಿದ ಟಕ್ ಸದ್ದು ನೀರಿಗೆ ಬಡಿದು ನಿಂತ ಪಿಸ್ಟನ್‌ನದ್ದಾಗಿರಬಹುದು. ಸ್ಟಾರ್ಟರ್ ಮೋಟರ್ ಬಲಕ್ಕೇ ರಾಡ್ ಬಾಗಿದೆಯೋ ಇಲ್ಲವೋ ನೋಡಬೇಕು. ಸ್ವಲ್ಪ ಬಾಗಿದ ರಾಡ್ ಇಟ್ಟುಕೊಂಡು ಎಂಜಿನ್ ಓಡಿಬಿಡುವುದೂ ಉಂಟು. ಕೆಲವು ತಿಂಗಳ ನಂತರ ಅದು ಮುರಿದು ಬ್ಲಾಕ್ ಒಡೆಯುತ್ತದೆ.

ಕಾರನ್ನು ಫ್ಲಾಟ್‌ಬೆಡ್ ಮೇಲೆ ಸಾಗಿಸಿ. ಏರ್ ಫಿಲ್ಟರ್ ಡಬ್ಬ ತೆಗೆದು ಫಿಲ್ಟರ್ ಒದ್ದೆಯಿದೆಯಾ ನೋಡಲಿ. ಸ್ಪಾರ್ಕ್ ಪ್ಲಗ್‌ಗಳನ್ನೆಲ್ಲ ತೆಗೆದು ಎಂಜಿನ್ ಅನ್ನು ಪಾನಾದಿಂದ ಕೈಯಲ್ಲೇ ತಿರುಗಿಸಲಿ. ನೀರು ಹೊರಬಂದ ಮೇಲೆ, ಪ್ರತಿ ಪಿಸ್ಟನ್ ಎಷ್ಟು ಎತ್ತರಕ್ಕೆ ಬರುತ್ತದೆ ಅಂತ ಅಳೆಯಲಿ. ಒಂದು ಉಳಿದವುಗಳಿಗಿಂತ ತಗ್ಗಿದ್ದರೆ ಅದರ ರಾಡ್ ಬಾಗಿದೆ. ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಮೂರರ ಆಯಿಲ್ ನೋಡಿಸಿ. ಹಾಲು ಬೆರೆಸಿದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಕಾರ್ಪೆಟ್ ಕೆಳಗಿನ ಸ್ಪಂಜು ಮೇಲೆ ಒಣಗಿದಂತೆ ಕಂಡರೂ ಒಳಗೆ ವಾರಗಟ್ಟಲೆ ನೀರು ಹಿಡಿದಿರುತ್ತದೆ. ವೈರ್‌ಗಳ ಕನೆಕ್ಟರ್‌ಗಳು ಅಲ್ಲೇ ಇರುತ್ತವೆ. ಸೀಟು ಬಿಚ್ಚಿ ಕಾರ್ಪೆಟ್ ಎತ್ತಿಸಲೇಬೇಕು.

ಇನ್ಶೂರೆನ್ಸ್ ಕಂಪನಿಗೆ ಇವತ್ತೇ ತಿಳಿಸಿ. ಪಾಲಿಸಿಯಲ್ಲಿ ಎಂಜಿನ್ ಪ್ರೊಟೆಕ್ಷನ್ ಎನ್ನುವ ಹೆಚ್ಚುವರಿ ಕವರ್ ಇದೆಯಾ ನೋಡಿ. ಅದಿಲ್ಲದ ಪಾಲಿಸಿಯಲ್ಲಿ ನೀರು ಹೋಗಿ ಎಂಜಿನ್ ಕೆಟ್ಟರೆ ಕ್ಲೇಮ್ ಸಾಮಾನ್ಯವಾಗಿ ಸಿಗುವುದಿಲ್ಲ. ಸರ್ವೇಯರ್ ಕೇಳಿದರೆ ಬಟನ್ ಒತ್ತಿದ್ದನ್ನು ಮುಚ್ಚಿಡಬೇಡಿ. ಮುಂಬೈಯಲ್ಲಿ ಇಂಥ ಕಾರು ಇಟ್ಟುಕೊಂಡವರು ಬೇರೆ ಯಾವ ಕವರ್ ಬಿಟ್ಟರೂ ಇದನ್ನು ಬಿಡಬಾರದು.

ಇನ್ನೊಂದು ವಿಷಯ ಬಹಳ ಜನರಿಗೆ ಹೊಳೆಯುವುದಿಲ್ಲ. ಸಿಗ್ನಲ್‌ನಲ್ಲಿ ತಾನೇ ಆಫ್ ಆಗಿ ಆನ್ ಆಗುವ ಸ್ಟಾರ್ಟ್-ಸ್ಟಾಪ್ ಇದೆಯಲ್ಲ, ಮಳೆಯಲ್ಲಿ ಅದನ್ನು ಆಫ್ ಮಾಡಿಡಿ. ನೀರಿನ ಮಧ್ಯೆ ಟ್ರಾಫಿಕ್ ನಿಂತಾಗ ಎಂಜಿನ್ ತಾನೇ ನಿಂತು ತಾನೇ ಶುರುವಾಗುವುದು ನಮಗೆ ಬೇಡ.

ಪ್ರಶ್ನೆ: ಪುಣೆಯ ಬಾಣೇರ್‌ನಲ್ಲಿದ್ದೇನೆ, ಮೂಲ ಧಾರವಾಡ. ನನ್ನದು 2022ರ ಬಿಎಂಡಬ್ಲ್ಯು ಎಂ340ಐ. ಗುಂಡಿಗೆ ಬಿದ್ದು ಮುಂದಿನ ಒಂದು ಟೈರ್ ಉಬ್ಬಿತು. ಮುಂದಿನ ಎರಡೂ ಟೈರ್ ಬೇರೆ ಕಂಪನಿಯದು ಹಾಕಿಸಿದೆ. ಮುಂದೆ 225/45, ಹಿಂದೆ 255/40, ಎರಡೂ 18 ಇಂಚು. ಈಗ ಪಾರ್ಕಿಂಗ್‌ನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನ ಹೋದರೆ ಕಾರು ನಡುಗುತ್ತದೆ. ಹಾಗೇ 20 ಇಂಚಿನ ಅಲಾಯ್, ಸದ್ದು ಮಾಡುವ ಎಕ್ಸಾಸ್ಟ್, ಟ್ಯೂನ್ ಇವೆಲ್ಲದರ ಬಗ್ಗೆಯೂ ಹೇಳಿ.

ಉತ್ತರ: ನಡುಕಕ್ಕೆ ಕಾರಣ ಬಹುಮಟ್ಟಿಗೆ ಹೊಸ ಟೈರ್‌ಗಳೇ. ನಿಮ್ಮದು ಎಕ್ಸ್‌ಡ್ರೈವ್, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುತ್ತದೆ. ಮುಂದಕ್ಕೆ ಎಷ್ಟು ಕೊಡಬೇಕು ಅಂತ ಟ್ರಾನ್ಸ್‌ಫರ್ ಕೇಸ್‌ನ ಕ್ಲಚ್ ನೋಡಿಕೊಳ್ಳುತ್ತದೆ. ಮುಂದಿನ, ಹಿಂದಿನ ಚಕ್ರಗಳ ಸುತ್ತಳತೆ ಒಂದೇ ಇರಬೇಕು ಎನ್ನುವುದು ಅದರ ಲೆಕ್ಕ. ನಿಮ್ಮ ಎರಡು ಸೈಜ್‌ಗಳನ್ನು ಲೆಕ್ಕ ಹಾಕಿದರೆ ವ್ಯಾಸ ಸುಮಾರು 660 ಮಿ.ಮೀ., ವ್ಯತ್ಯಾಸ ಒಂದೆರಡು ಮಿ.ಮೀ. ಅಷ್ಟೇ. ಈಗ ಮುಂದೆ 8 ಮಿ.ಮೀ. ಹಲ್ಲಿನ ಹೊಸ ಟೈರ್, ಹಿಂದೆ 3 ಮಿ.ಮೀ.ಗೆ ಸವೆದ ಹಳೆಯದು ಅಂದುಕೊಳ್ಳಿ. ತ್ರಿಜ್ಯದಲ್ಲೇ 5 ಮಿ.ಮೀ. ಫರಕು, ಅಂದರೆ ಶೇ. 1.5. ಅದರ ಮೇಲೆ ಕಂಪನಿಯಿಂದ ಕಂಪನಿಗೆ ನಿಜವಾದ ಅಳತೆಯೂ ಬೇರೆ. ಎರಡು ಆಕ್ಸಲ್‌ಗಳು ಬೇರೆ ಬೇರೆ ವೇಗದಲ್ಲಿ ತಿರುಗುತ್ತಾ ಆ ಕ್ಲಚ್ ಅನ್ನು ಸದಾ ಉಜ್ಜುತ್ತಿರುತ್ತವೆ.

ನಾಲ್ಕೂ ಒಂದೇ ಕಂಪನಿಯ ಒಂದೇ ಮಾಡೆಲ್ ಇರಲಿ. ಟೈರ್ ಪಕ್ಕದಲ್ಲಿ ನಕ್ಷತ್ರದ ಗುರುತಿದ್ದರೆ ಬಿಎಂಡಬ್ಲ್ಯು ಒಪ್ಪಿದ್ದು ಅಂತ ಅರ್ಥ. ಟೈರ್ ಸರಿಯಾದ ಮೇಲೂ ನಡುಕ ಉಳಿದರೆ ಟ್ರಾನ್ಸ್‌ಫರ್ ಕೇಸ್ ಆಯಿಲ್ ಬದಲಿಸಿ, ಸ್ಕ್ಯಾನರ್‌ನಲ್ಲಿ ಅದರ ಅಡಾಪ್ಟೇಷನ್ (ಅದು ಕಲಿತಿಟ್ಟುಕೊಂಡ ಲೆಕ್ಕ) ರೀಸೆಟ್ ಮಾಡಿಸಿ. ತಿಂಗಳುಗಟ್ಟಲೆ ಹೀಗೇ ಓಡಿಸಬೇಡಿ.

20 ಇಂಚು ಬೇಡ ಅಂತ ನನ್ನ ಸಲಹೆ. 225/45 ಟೈರ್‌ನ ಗೋಡೆ ಸುಮಾರು 101 ಮಿ.ಮೀ. ಎತ್ತರ. ಹೊರ ಅಳತೆ ಬದಲಾಗದಂತೆ 20 ಇಂಚು ಹಾಕಿದರೆ ಅದರಲ್ಲಿ ಎರಡೂವರೆ ಸೆಂ.ಮೀ. ಕಡಿಮೆಯಾಗುತ್ತದೆ. 18 ಇಂಚಿನ ಟೈರನ್ನೇ ಉಬ್ಬಿಸಿದ ರಸ್ತೆ ನಿಮ್ಮದು, ಅಲ್ವಾ? ಬದಲಾವಣೆ ಮಾಡಲೇಬೇಕು ಅಂದರೆ ಕಾರಿನಲ್ಲಿ ಈಗ ರನ್-ಫ್ಲ್ಯಾಟ್ ಟೈರ್ ಇದ್ದಲ್ಲಿ ಅವನ್ನು ಬಿಟ್ಟು ಅದೇ ಸೈಜಿನ ಮಾಮೂಲಿ ಟೈರ್ ಹಾಕಿ. ಸವಾರಿ ಎಷ್ಟು ಮೆತ್ತಗಾಗುತ್ತದೆ ಅಂತ ಮೊದಲ ಸ್ಪೀಡ್ ಬ್ರೇಕರ್‌ನಲ್ಲೇ ಗೊತ್ತಾಗುತ್ತದೆ. ಆದರೆ ರನ್-ಫ್ಲ್ಯಾಟ್ ಗಾಳಿ ಹೋದ ಮೇಲೂ 80ರ ವೇಗದಲ್ಲಿ ಸುಮಾರು 80 ಕಿ.ಮೀ. ಓಡುತ್ತದೆ. ಮಾಮೂಲಿ ಟೈರ್‌ಗೆ ಆ ಅನುಕೂಲವಿಲ್ಲ. ಪಂಕ್ಚರ್ ಕಿಟ್, ಗಾಳಿ ಪಂಪ್ ಡಿಕ್ಕಿಯಲ್ಲಿರಲಿ.

ಎಕ್ಸಾಸ್ಟ್ ಮತ್ತು ಟ್ಯೂನ್ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಬಂತು. ಹೊಗೆಯ ವಿಷ ಕಮ್ಮಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆದು ಪೈಪ್ ಹಾಕುವ ಕೆಲಸಕ್ಕಂತೂ ಹೋಗಲೇಬೇಡಿ. ಹೊಗೆಯೆಲ್ಲ ಹಿಂದೆ ಬರುವ ಸ್ಕೂಟರ್ ಸವಾರರ ಮುಖಕ್ಕೆ. 2020ರ ಮಧ್ಯದ ನಂತರದ ಬಿಎಂಡಬ್ಲ್ಯುಗಳಲ್ಲಿ ಎಂಜಿನ್ ಕಂಪ್ಯೂಟರ್‌ಗೆ ಬೀಗವೂ ಇದೆ. ಅದನ್ನು ಬಿಚ್ಚಿಸಿದರೆ ವಾರಂಟಿ ಹೋಗುತ್ತದೆ. 387 ಹಾರ್ಸ್‌ಪವರ್, 4.4 ಸೆಕೆಂಡಿನಲ್ಲಿ ನೂರು ಮುಟ್ಟುವ ಆರು ಸಿಲಿಂಡರ್ ನಿಮ್ಮ ಹತ್ತಿರ ಈಗಲೇ ಇದೆ. ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇ ಘಾಟಿಯಲ್ಲಿ ಕಾರಿನ ವೇಗಮಿತಿ 60. ಆ ದುಡ್ಡನ್ನು ಬ್ರೇಕ್‌ಗೆ ಹಾಕಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸಿ. ಘಾಟಿ ಇಳಿಯುವಾಗ ಗೇರ್ ಇಳಿಸಿ ಎಂಜಿನ್‌ನಿಂದಲೇ ವೇಗ ಹಿಡಿಯಿರಿ.

ಪ್ರಶ್ನೆ: ವಾಸ್ಕೋದಿಂದ. ಹಡಗಿನ ಕೆಲಸ, ತಿಂಗಳುಗಟ್ಟಲೆ ಮನೆಯಲ್ಲಿರುವುದಿಲ್ಲ. ಬಂದಾಗಲೆಲ್ಲ ನನ್ನ ಆಡಿ ಎ4 ಬ್ಯಾಟರಿ ಸತ್ತಿರುತ್ತದೆ. ಬ್ರೇಕ್ ಕೂಡ ಕರಕರ ಅನ್ನುತ್ತದೆ.

ಉತ್ತರ: ಕಾರು ಲಾಕ್ ಆಗಿದ್ದರೂ ಒಳಗಿನ ಕಂಪ್ಯೂಟರ್‌ಗಳು ಸ್ವಲ್ಪ ಕರೆಂಟ್ ಎಳೆಯುತ್ತಲೇ ಇರುತ್ತವೆ. ಪಾರ್ಕಿಂಗ್‌ನಲ್ಲಿ ಪ್ಲಗ್ ಇದ್ದರೆ ಬ್ಯಾಟರಿ ತುಂಬಿದಾಗ ತಾನೇ ನಿಲ್ಲುವ ಚಾರ್ಜರ್ ಹಾಕಿಟ್ಟು ಹೋಗಿ. ಪದೇ ಪದೇ ಪೂರ್ತಿ ಖಾಲಿಯಾದ ಬ್ಯಾಟರಿ ಮತ್ತೆ ಸರಿಯಾಗುವುದಿಲ್ಲ. ಪೂರ್ತಿ ಚಾರ್ಜ್ ಮಾಡಿ ಒಂದು ರಾತ್ರಿ ಬಿಟ್ಟು ಅಳೆದಾಗ 12.6 ವೋಲ್ಟ್ ಹತ್ತಿರ ಇರಬೇಕು. ಇಲ್ಲದಿದ್ದರೆ ಹೊಸದು ಹಾಕಿಸಿ. ಈಗಿರುವ ನಮೂನೆಯದ್ದೇ ಇರಲಿ, ಹಾಕಿದ ಮೇಲೆ ಸ್ಕ್ಯಾನರ್‌ನಲ್ಲಿ ಕೋಡಿಂಗ್ ಮಾಡಿಸಿ. ಮಾಡಿಸದಿದ್ದರೆ ಕಾರು ಹಳೆಯ ಬ್ಯಾಟರಿಯೇ ಇದೆ ಅಂದುಕೊಂಡು ಚಾರ್ಜ್ ಮಾಡುತ್ತದೆ. ಕರಕರ ಸದ್ದು ಉಪ್ಪು ಗಾಳಿಗೆ ಡಿಸ್ಕ್ ಮೇಲೆ ಕೂತ ತುಕ್ಕು. ಖಾಲಿ ರಸ್ತೆಯಲ್ಲಿ ಕೆಲವು ಸಲ ಗಟ್ಟಿಯಾಗಿ ಬ್ರೇಕ್ ಹಿಡಿದರೆ ಹೋಗಬೇಕು. ಹೋಗದಿದ್ದರೆ ಡಿಸ್ಕ್ ಬಿಚ್ಚಿ ನೋಡಿಸಿ.

ಪ್ರಶ್ನೆ: ಕೆಎ-19 ನಂಬರಿನ ಕಾರು. ಮಂಗಳೂರಿನಿಂದ ಠಾಣೆಗೆ ಬಂದು ಹದಿನಾಲ್ಕು ತಿಂಗಳಾಯಿತು. ನಂಬರ್ ಬದಲಿಸಲೇಬೇಕಾ?

ಉತ್ತರ: ಬದಲಿಸಬೇಕು. ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾರು ಇದ್ದರೆ ಅಲ್ಲಿನ ನಂಬರ್ ಬೇಕು. ಮಂಗಳೂರು ಆರ್‌ಟಿಒದಿಂದ ಎನ್‌ಒಸಿ ತನ್ನಿ. ಸಾಲವಿದ್ದರೆ ಬ್ಯಾಂಕಿನದ್ದೂ ಬೇಕು. ಮಹಾರಾಷ್ಟ್ರದ ತೆರಿಗೆಯನ್ನು ಕಾರಿನ ವಯಸ್ಸು ನೋಡಿ ಹಾಕುತ್ತಾರೆ. ಹೊಸ ನಂಬರ್ ಬಂದ ಮೇಲೆ ಕರ್ನಾಟಕದಲ್ಲಿ ಕಟ್ಟಿದ ತೆರಿಗೆಯಲ್ಲಿ ಉಳಿದ ವರ್ಷಗಳ ಪಾಲನ್ನು ವಾಪಸ್ ಕೇಳಿ ಅರ್ಜಿ ಹಾಕಿ. ಹಳೆಯ ತೆರಿಗೆ ರಸೀದಿ ಹುಡುಕಿಟ್ಟುಕೊಳ್ಳಿ. ಇನ್ಶೂರೆನ್ಸ್ ಪಾಲಿಸಿಯಲ್ಲಿ ಹೊಸ ನಂಬರ್, ಠಾಣೆಯ ವಿಳಾಸ ಎರಡನ್ನೂ ಬದಲಿಸಲು ಮರೆಯಬೇಡಿ.